ಪೋಷಕರಿಗೆ ಪತ್ರ: ದಸರಾ ರಜೆಯಲ್ಲಿ ಮಕ್ಕಳೊಂದಿಗೆ ವಿಮಾನ ಸಂಗ್ರಹಾಲಯಕ್ಕೆ ಹೋಗಿಬನ್ನಿ

ಮಾನ್ಯ ಪೋಷಕರೇ,

ನಮಸ್ಕಾರಗಳು.

ದಸರಾ ರಜೆ ಹತ್ತಿರ ಬಂದಿದೆ. ಈ ರಜೆಯಲ್ಲಿ ಯಾವುದಾದರೂ ಒಂದು ದಿನ ಬಿಡುವು ಮಾಡಿಕೊಂಡು, ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳನ್ನು ತಾವೇ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದು ಕಡ್ಡಾಯವಲ್ಲ, ಇದಕ್ಕೆ ಅಂಕಗಳೂ ಇಲ್ಲ.

ಶಾಲೆಯಿಂದಲೇ ಬಸ್ಸು ಮಾಡಿ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಬಹುದಲ್ಲವೇ ಎಂದು ಪೋಷಕರ ಸಭೆಯಲ್ಲಿ ಕೆಲವರು ಕೇಳಿದ್ದೀರಿ. ಕರೆದೊಯ್ಯಬಹುದು. ಆದರೆ ಒಂದು ತರಗತಿಯ ಮಕ್ಕಳೆಲ್ಲ ಸಾಲಾಗಿ ನಡೆಯುವಾಗ ಒಂದು ವಿಮಾನದ ಮುಂದೆ ನಿಲ್ಲಲು ಎರಡು ನಿಮಿಷವೂ ಸಿಗುವುದಿಲ್ಲ, ಮತ್ತು ನಿಂತರೂ ಅಲ್ಲಿ ಕಾಣುವ ಲೋಹದ ಕೆಲಸವನ್ನು ವಿವರಿಸುವ ಶಕ್ತಿ ನಮ್ಮಂಥ ಶಿಕ್ಷಕರಿಗಿಂತ ತಮ್ಮಲ್ಲಿ ಹೆಚ್ಚಿಗೆ ಇದೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪೋಷಕರ ಉದ್ಯೋಗ ಎಂಬ ಕಲಂ ಓದುತ್ತಾ ಹೋದರೆ ಟರ್ನರ್, ಫಿಟ್ಟರ್, ವೆಲ್ಡರ್, ಮೆಕ್ಯಾನಿಕ್, ಶೀಟ್ ಮೆಟಲ್ ಕೆಲಸ, ಗಾರ್ಮೆಂಟ್ಸ್, ಆಟೋ ಚಾಲಕರು ಎಂದೇ ಪುಟ ತುಂಬಿರುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ತಾವು ದಿನವೂ ಮಾಡುವ ಕೆಲಸದ ವಿದ್ಯೆಯೇ ಆ ಸಂಗ್ರಹಾಲಯದ ಅಂಗಳದಲ್ಲಿ ರೆಕ್ಕೆ ಪಡೆದು ನಿಂತಿದೆ. ಅದನ್ನು ಮಕ್ಕಳಿಗೆ ಹೇಳಬೇಕಾದವರು ತಾವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಗ್ರಹಾಲಯ ದೊಡ್ಡದೇನಲ್ಲ. 2001ರಲ್ಲಿ ಆರಂಭವಾದದ್ದು. ಒಳಗೆ ಎರಡು ಮುಖ್ಯ ಸಭಾಂಗಣಗಳಿವೆ: ಒಂದರಲ್ಲಿ ಎಚ್‌ಎಎಲ್ ಸಂಸ್ಥೆ ದಶಕದಿಂದ ದಶಕಕ್ಕೆ ಬೆಳೆದ ಬಗೆ, ಇನ್ನೊಂದರಲ್ಲಿ ವಿಮಾನದ ಎಂಜಿನ್‌ಗಳು. ಹೊರಗೆ ಮರಗಿಡಗಳ ನಡುವೆ, ಒಂದು ಕಾಲದಲ್ಲಿ ಹಾರಿದ ವಿಮಾನಗಳು ನಿಂತಿವೆ. ಬೇಗ ಬೇಗ ನಡೆದರೆ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ಹಾಗೆ ಮುಗಿಸಬೇಡಿ ಎಂಬುದೇ ನನ್ನ ಕೋರಿಕೆ.

ಇತಿಹಾಸದ ಸಭಾಂಗಣಕ್ಕೆ ಹೋಗುವ ಮುನ್ನ ಮಕ್ಕಳಿಗೆ ಸ್ವಲ್ಪ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅದು ಎರಡನೇ ಮಹಾಯುದ್ಧದ ಕಾಲ. ವರ್ಷ ತುಂಬುವ ಮೊದಲೇ, 1941ರ ಆಗಸ್ಟ್‌ನಲ್ಲಿ, ಅಮೆರಿಕದ ಹಾರ್ಲೋ ಮಾದರಿಯ ತರಬೇತಿ ವಿಮಾನವೊಂದು ಇಲ್ಲಿ ಜೋಡಣೆಗೊಂಡು ಹಾರಿತು. ಮುಂದೆ ಈ ಕಾರ್ಖಾನೆ ಅಮೆರಿಕದ ಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಕ್ಯಾಟಲೀನಾ ಎಂಬ, ನೀರಿನ ಮೇಲೆ ಇಳಿಯಬಲ್ಲ ವಿಮಾನಗಳು ದುರಸ್ತಿಗಾಗಿ ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇಂದು ಆ ಕೆರೆಯ ಹೆಸರನ್ನು ನೊರೆ ಮತ್ತು ಕೊಳಕಿನ ಸುದ್ದಿಯಲ್ಲಿ ಮಾತ್ರ ಕೇಳಿರುವ ನಮ್ಮ ಮಕ್ಕಳು ಇದನ್ನೂ ತಿಳಿದಿರಲಿ.

ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಕಡಿಮೆಯಾದಾಗ, ಅದೇ ಕಾರ್ಖಾನೆಯವರು ಬಸ್ಸಿನ ಬಾಡಿಗಳನ್ನೂ ರೈಲಿನ ಬೋಗಿಗಳನ್ನೂ ತಯಾರಿಸಿದರು. ಆ ಬೋಗಿ ವಿಭಾಗವೇ 1960ರ ದಶಕದಲ್ಲಿ ಬಿಇಎಂಎಲ್ ಸಂಸ್ಥೆಗೆ ಸೇರಿತು. ನಮ್ಮ ಮೆಟ್ರೋದ ಮೊದಲ ಹಂತದ ಬೋಗಿಗಳನ್ನು ತಯಾರಿಸಿದ್ದು ಆ ಬಿಇಎಂಎಲ್. ಪೀಣ್ಯದಿಂದ ಮೆಟ್ರೋ ಹತ್ತಿ ಸಂಗ್ರಹಾಲಯಕ್ಕೆ ಹೊರಡುವ ಮಕ್ಕಳಿಗೆ ಈ ಮಾತನ್ನು ದಾರಿಯಲ್ಲೇ ಹೇಳಬಹುದು.

ಈಗ ಹೊರಗಿನ ಅಂಗಳದ ವಿಷಯ. ಅಲ್ಲಿರುವ ಎಲ್ಲ ವಿಮಾನಗಳ ಹೆಸರನ್ನು ಮಕ್ಕಳು ಬರೆದುಕೊಂಡು ಬರುವ ಅಗತ್ಯವಿಲ್ಲ. ಎಚ್‌ಟಿ-2 ನೋಡಲಿ: ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ನಮ್ಮ ದೇಶದಲ್ಲೇ ವಿನ್ಯಾಸಗೊಂಡು 1951ರಲ್ಲಿ ಹಾರಿದ ಎರಡು ಆಸನಗಳ ತರಬೇತಿ ವಿಮಾನ ಅದು. ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಮತ್ತು ಅಜೀತ್ ಎಂಬ ಸಣ್ಣ ಯುದ್ಧವಿಮಾನಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಲಿ. ಆದರೆ ಹೆಚ್ಚಿನ ಸಮಯವನ್ನು ಎಚ್‌ಎಫ್-24 ಮಾರುತ್ ವಿಮಾನಕ್ಕೆ ಮೀಸಲಿಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನಲ್ಲೇ ಹುಟ್ಟಿದ ಆ ಯುದ್ಧವಿಮಾನದಲ್ಲಿ ಕಲಿಯಬೇಕಾದದ್ದು ತುಂಬ ಇದೆ.

ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕುಳಿತು ಇದನ್ನು ರೂಪಿಸಿದರು. ವಿಮಾನ ತಯಾರಾಗುವ ಮೊದಲು ಅದೇ ಆಕಾರದ, ಎಂಜಿನ್ ಇಲ್ಲದ, ಮರದ ಗ್ಲೈಡರ್ ಒಂದನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಆಕಾಶಕ್ಕೆ ಒಯ್ದು ಬಿಟ್ಟು, ಅದು ಗಾಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪರೀಕ್ಷಾ ಪೈಲಟ್ ಮಾರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. 1970ರಲ್ಲಿ ಅದೇ ವಿಮಾನದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಸೇರಿಸುವ ಸುರಂಜನ್ ದಾಸ್ ರಸ್ತೆಗೆ ಇಟ್ಟಿರುವುದು ಅವರದೇ ಹೆಸರು. ತಮ್ಮಲ್ಲಿ ಎಷ್ಟೋ ಜನ ಆ ರಸ್ತೆಯಲ್ಲಿ ಗಾಡಿ ಓಡಿಸಿದ್ದೀರಿ. ಮಕ್ಕಳಿಗೆ ಆ ಹೆಸರಿನ ಹಿಂದಿನ ಮನುಷ್ಯ ಯಾರು ಎಂದು ಹೇಳಿ.

ಮಾರುತ್ ವಿಮಾನದ ಪಕ್ಕಕ್ಕೆ ನಿಂತು, ಚಾಲಕನ ಕೋಣೆಯ ಎರಡೂ ಬದಿಗಿರುವ ಗಾಳಿಯ ಬಾಯಿಗಳನ್ನು ತೋರಿಸಿ. ಪ್ರತಿಯೊಂದು ಬಾಯಿಯಲ್ಲೂ ಅರ್ಧಕ್ಕೆ ಸೀಳಿದ ಶಂಕುವಿನಂಥ ಒಂದು ಭಾಗ ಮೈಗೆ ಅಂಟಿಕೊಂಡಿದೆ. ನಂತರ ಮಿಗ್-21 ಯುದ್ಧವಿಮಾನದ ಮುಂದೆ ನಿಲ್ಲಿ. ಅದರ ಗಾಳಿಯ ಬಾಯಿ ಮೂಗಿನಲ್ಲೇ ಇದೆ, ನಡುವೆ ಪೂರ್ತಿ ಶಂಕು ಇದೆ. ಎರಡರ ಉದ್ದೇಶವೂ ಒಂದೇ. ಶಬ್ದದ ವೇಗವನ್ನು ಮೀರಿ ಹಾರುವಾಗ ಒಳನುಗ್ಗುವ ಗಾಳಿಯ ವೇಗವನ್ನು ತಗ್ಗಿಸದೆ ಎಂಜಿನ್ನಿಗೆ ಬಿಡುವಂತಿಲ್ಲ. ಆ ಶಂಕುವಿನಿಂದ ಏಳುವ ಆಘಾತ ತರಂಗ ಗಾಳಿಯನ್ನು ನಿಧಾನಗೊಳಿಸಿ ಒತ್ತಡ ಹೆಚ್ಚಿಸಿ ಒಳಗೆ ಕಳಿಸುತ್ತದೆ. ಮಾರುತ್ ವಿಮಾನದ ಆಕಾರವನ್ನು ಶಬ್ದದ ಎರಡರಷ್ಟು ವೇಗಕ್ಕೆಂದೇ ರೂಪಿಸಿದ್ದರು. ಆದರೆ ಅದಕ್ಕೆ ಬೇಕಾದ ಶಕ್ತಿಯ ಎಂಜಿನ್ ನಮಗೆ ಸಿಗಲೇ ಇಲ್ಲ. ಇದ್ದುದರಲ್ಲೇ ಎರಡು ಆರ್ಫಿಯಸ್ ಎಂಜಿನ್‌ಗಳನ್ನು ಕೂರಿಸಬೇಕಾಯಿತು, ಹಾಗಾಗಿ ಆ ವೇಗವನ್ನು ಅದು ಎಂದೂ ಮುಟ್ಟಲಿಲ್ಲ. ಅಷ್ಟಾದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಸೇವೆ ಸಲ್ಲಿಸಿತು. ವಿನ್ಯಾಸ ಎಷ್ಟು ಒಳ್ಳೆಯದಿದ್ದರೂ ಎಂಜಿನ್ ಸ್ವಂತದ್ದಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಇಂದಿನ ತೇಜಸ್ ಯುದ್ಧವಿಮಾನದವರೆಗೂ ನಮ್ಮನ್ನು ಬಿಟ್ಟಿಲ್ಲ. ದೊಡ್ಡ ಮಕ್ಕಳ ಜೊತೆ ಇದನ್ನು ಚರ್ಚಿಸಬಹುದು.

ಮಿಗ್-21 ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 26ರಂದು ವಾಯುಪಡೆ ಅದನ್ನು ಸೇವೆಯಿಂದ ಬೀಳ್ಕೊಟ್ಟಿತು. ಅದು ಯುದ್ಧಗಳಲ್ಲಿ ದೇಶವನ್ನು ಕಾಯ್ದದ್ದೂ ನಿಜ, ಅದರ ಅಪಘಾತಗಳಲ್ಲಿ ಅನೇಕ ಪೈಲಟ್‌ಗಳು ಪ್ರಾಣ ಕಳೆದುಕೊಂಡದ್ದೂ ನಿಜ. ಮಕ್ಕಳಿಗೆ ಎರಡನ್ನೂ ಹೇಳಿ. ಹದಿಮೂರು ಹದಿನಾಲ್ಕು ವರ್ಷದವರಿಗೆ ಇದನ್ನು ತಡೆದುಕೊಳ್ಳುವ ಪ್ರೌಢಿಮೆ ಇರುತ್ತದೆ.

ಎಂಜಿನ್ ಸಭಾಂಗಣದಲ್ಲಿ ಒಳಭಾಗ ಕಾಣುವಂತೆ ಕತ್ತರಿಸಿಟ್ಟ ಎಂಜಿನ್‌ಗಳಿವೆ. ನನ್ನ ಮಟ್ಟಿಗೆ ಇಡೀ ಸಂಗ್ರಹಾಲಯದಲ್ಲಿ ಅತ್ಯಂತ ಬೆಲೆಯುಳ್ಳ ಜಾಗ ಅದು. ಮುಂದಿನ ಬ್ಲೇಡುಗಳು ಗಾಳಿಯನ್ನು ಒತ್ತುತ್ತವೆ, ನಡುವೆ ಇಂಧನ ಉರಿಯುತ್ತದೆ, ಉರಿದ ಬಿಸಿ ಅನಿಲ ಹಿಂದಿನ ಟರ್ಬೈನನ್ನು ತಿರುಗಿಸಿಕೊಂಡು ಹೊರನುಗ್ಗುತ್ತದೆ, ಆ ಟರ್ಬೈನೇ ಶಾಫ್ಟಿನ ಮೂಲಕ ಮುಂದಿನ ಬ್ಲೇಡುಗಳನ್ನು ತಿರುಗಿಸುತ್ತದೆ. ಒಂಬತ್ತನೇ ತರಗತಿಯ ಮಕ್ಕಳು ಓದುವ ನ್ಯೂಟನ್ನನ ಮೂರನೇ ನಿಯಮ ಇಲ್ಲಿ ಕೈಗೆ ಸಿಗುವ ವಸ್ತುವಾಗಿದೆ. ಇಲ್ಲಿಂದ ಮುಂದಿನದನ್ನು ತಾವು ಹೇಳಬೇಕು. ಟರ್ಬೈನ್ ಬ್ಲೇಡಿನ ಬುಡ ಹಲ್ಲುಹಲ್ಲಾಗಿ ಡಿಸ್ಕಿನ ತೋಡಿನೊಳಗೆ ಕೂರುವುದನ್ನು, ಅದಕ್ಕೆ ಎಷ್ಟು ಮೈಕ್ರಾನ್ ಅಳತೆ ಹಿಡಿಯಬೇಕೆಂಬುದನ್ನು ಗ್ರೈಂಡಿಂಗ್ ಕೆಲಸ ಮಾಡಿದ ತಂದೆ ಹೇಳುವ ರೀತಿ ಬೇರೆ. ಬೋಲ್ಟುಗಳ ತಲೆಗೆ ತೂತು ಹಾಕಿ, ಒಂದರಿಂದ ಇನ್ನೊಂದಕ್ಕೆ ಎರಡೆಳೆ ತಂತಿ ಹೊಸೆದು ಕಟ್ಟಿರುವುದು ಕಂಡರೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು ನಿಂತು ನೋಡುತ್ತೀರಿ: ಬೋಲ್ಟು ಸಡಿಲವಾಗಲು ಹೊರಟರೆ ಆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಕಟ್ಟಿರುತ್ತಾರೆ. ವಿಮಾನದ ಮೈಮೇಲೆ ಕೆಲವು ಕಡೆ ರಿವೆಟ್ಟಿನ ತಲೆ ಎದ್ದು ಕಾಣುವುದು, ಕೆಲವು ಕಡೆ ಕೌಂಟರ್‌ಸಿಂಕ್ ಮಾಡಿ ನುಣುಪಾಗಿ ಕೂರಿಸಿರುವುದು ಏಕೆ ಎಂದು ಮಕ್ಕಳನ್ನೇ ಕೇಳಿ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಂದಿರೂ ಹಿಂದೆ ನಿಲ್ಲಬೇಕಾಗಿಲ್ಲ. ಚಪ್ಪಟೆ ಬಟ್ಟೆಯನ್ನು ಕತ್ತರಿಸಿ ದುಂಡಗಿನ ತೋಳು ತರುವವರಿಗೆ, ಚಪ್ಪಟೆ ಅಲ್ಯೂಮಿನಿಯಂ ಹಾಳೆಗಳಿಂದ ಆ ಬಾಗಿದ ಮೈ ಹೇಗೆ ಬಂತು, ಜೋಡಣೆಯ ಗೆರೆ ಎಲ್ಲೆಲ್ಲಿ ಹೋಗಿದೆ ಎಂಬುದು ಬೇಗ ಕಾಣುತ್ತದೆ.

ಒಂದು ತಿದ್ದುಪಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೆಕ್ಕೆಯ ಮೇಲಿನ ಗಾಳಿ ಉದ್ದದ ದಾರಿ ಸುತ್ತಿ, ಕೆಳಗಿನ ಗಾಳಿಯ ಜೊತೆಗೇ ಹಿಂಬದಿ ತಲುಪಬೇಕಾದ್ದರಿಂದ ವೇಗವಾಗಿ ಹೋಗುತ್ತದೆ, ಅದರಿಂದಲೇ ವಿಮಾನ ಏಳುತ್ತದೆ ಎಂಬ ವಿವರಣೆ ಮೊಬೈಲಿನ ಎಷ್ಟೋ ವಿಡಿಯೊಗಳಲ್ಲಿದೆ. ಎರಡೂ ಒಟ್ಟಿಗೆ ತಲುಪಬೇಕೆಂಬ ನಿಯಮವೇ ಇಲ್ಲ. ಮೇಲಿನದು ಮೊದಲೇ ತಲುಪುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ ಎಂದಷ್ಟು ಹೇಳಿದರೆ ಈ ವಯಸ್ಸಿಗೆ ಸಾಕು, ಅದು ಸರಿಯೂ ಹೌದು.

ಹೋಗುವ ದಾರಿ ಹೀಗಿದೆ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗದಲ್ಲಿ ಇಂದಿರಾನಗರದಲ್ಲಿ ಇಳಿದು ಅಲ್ಲಿಂದ ಬಸ್ಸು ಅಥವಾ ಆಟೋ ಹಿಡಿಯಬಹುದು. ಇಲ್ಲವೇ ಮೆಜೆಸ್ಟಿಕ್‌ನಿಂದ ದೊಮ್ಮಲೂರು, ಎಚ್‌ಎಎಲ್ ಮಾರ್ಗವಾಗಿ ಮಾರತಹಳ್ಳಿ ಕಡೆಗೆ ಹೋಗುವ ಬಿಎಂಟಿಸಿ ಬಸ್ಸಿನಲ್ಲಿ ಹೋಗಬಹುದು. ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ಹಣ ಇರುವುದಿಲ್ಲ, ಗುರುತಿನ ಚೀಟಿ ಮರೆಯಬೇಡಿ. ಹಬ್ಬದ ದಿನಗಳಾದ್ದರಿಂದ ಹೊರಡುವ ಮುನ್ನ ತೆರೆದಿರುವ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳಿ. ಅಂಗಳದಲ್ಲಿ ಬಿಸಿಲಿರುತ್ತದೆ, ಬೆಳಗ್ಗೆ ಬೇಗ ಹೋಗುವುದು ಲೇಸು. ವಿಮಾನಗಳ ಮೇಲೆ ಹತ್ತಲು ಚಿಕ್ಕ ಮಕ್ಕಳನ್ನು ಬಿಡಬೇಡಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರನ್ನೂ ಕರೆದೊಯ್ಯಿರಿ; 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಸ್ಥಳಾಂತರವಾಗುವವರೆಗೆ ಪ್ರಯಾಣಿಕರ ವಿಮಾನಗಳೆಲ್ಲ ಇದೇ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದುದನ್ನು ಅವರು ಕಂಡಿದ್ದಾರೆ. ಅಷ್ಟು ದೂರ ಆಗದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕಾದರೂ ಹೋಗಬಹುದು. ಅಲ್ಲಿಯೂ ಒಂದು ಮಾರುತ್ ಇದೆ.

ಹೋಗಿಬಂದ ಮಕ್ಕಳು ಒಂದೇ ಒಂದು ಹಾಳೆ ತರಲಿ. ಅದರಲ್ಲಿ ತಾವು ಆರಿಸಿಕೊಂಡ ಒಂದು ಭಾಗದ ಚಿತ್ರವಿರಲಿ, ಅದು ರೆಕ್ಕೆಯಾಗಿರಬಹುದು, ಚಕ್ರವಾಗಿರಬಹುದು, ಒಂದು ರಿವೆಟ್ಟಿನ ಸಾಲೇ ಆಗಿರಬಹುದು. ಚಿತ್ರದ ಕೆಳಗೆ ಅದರ ಬಗ್ಗೆ ತಂದೆ ಅಥವಾ ತಾಯಿ ಹೇಳಿದ ವಿವರಣೆಯನ್ನು ಮಗು ತನ್ನ ಅಕ್ಷರದಲ್ಲಿ ಬರೆಯಲಿ, ಹೇಳಿದವರ ಸಹಿ ಇರಲಿ. ಈ ಹಾಳೆಗಳನ್ನು ವಿಜ್ಞಾನ ಕೊಠಡಿಯ ಗೋಡೆಗೆ ಹಾಕುತ್ತೇವೆ.

ಪಾಳಿಯ ಕೆಲಸದಿಂದಲೋ, ದಿನಗೂಲಿ ತಪ್ಪುತ್ತದೆಂಬ ಕಾರಣದಿಂದಲೋ ಹೋಗಲಾಗದ ಪೋಷಕರು ಸಂಕೋಚಪಡಬೇಡಿ. ರಜೆ ಆರಂಭವಾಗುವ ಮೊದಲು ತರಗತಿ ಶಿಕ್ಷಕರಿಗೆ ತಿಳಿಸಿದರೆ, ಅಂಥ ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಂದು ಭಾನುವಾರ ಕರೆದೊಯ್ಯಲು ನಾವು ವಿಜ್ಞಾನ ಶಿಕ್ಷಕರೊಡನೆ ಮಾತಾಡಿದ್ದೇವೆ. ಹೊರಡುತ್ತಿರುವ ಪೋಷಕರಲ್ಲಿ ಯಾರಾದರೂ ನೆರೆಮನೆಯ ಒಬ್ಬ ಸಹಪಾಠಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಸಿದ್ಧರಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ