ಮಗಳಿಗೊಂದು ಪತ್ರ: ಕಳ್ಳನನ್ನು ನೀನೇ ಹಿಡಿ

ಪ್ರೀತಿಯ ಪುಟ್ಟಿಗೆ,

ನಿನ್ನ ಮೆಸೇಜ್ ನೋಡಿದೆ. ನಾನು ಹೇಳಿದ ಹಡಗಿನ ಗೇಮ್ ಆಡಲು ಪುರುಸೊತ್ತಾಗಲಿಲ್ಲ, ಯಾರೋ ಆಡಿದ ವಿಡಿಯೋವನ್ನೇ ಡಬಲ್ ಸ್ಪೀಡಿನಲ್ಲಿ ನೋಡಿ ಮುಗಿಸಿದೆ ಅಂತ ಬರೆದಿದ್ದೀಯ. "ಕಥೆ ಸೂಪರ್ ಅಮ್ಮ, ಆದ್ರೆ ಅದನ್ನ ಅಷ್ಟು ಹೊತ್ತು ಕೂತು ಆಡೋದ್ರಲ್ಲಿ ಏನಿದೆ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ "ಕ್ಲಾಸಿಗೆ ಹೊತ್ತಾಯ್ತು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಕ್ಕೆ ಡಬಲ್ ಸ್ಪೀಡ್ ಬಟನ್ ಇಲ್ಲ ಅಲ್ವಾ!

ಸಿಟ್ಟೇನೂ ಇಲ್ಲ. ಆದರೆ ಹೊಟ್ಟೆ ಚುರ್ ಅಂದಿದ್ದು ನಿಜ. 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಒಬ್ಬೊಬ್ಬರಿಗೆ ಒಂದೇ ಸಲ ಸಿಗುವ ಗೇಮ್. ಉತ್ತರ ಗೊತ್ತಾಯಿತೋ, ಮುಗಿಯಿತು. ಪೂರ್ತಿ ಮರೆತುಹೋಗುವವರೆಗೆ ಮತ್ತೆ ಆಡಲಾಗದು. ನೀನು ನೋಡಿದ್ದು ಅದರ ಕಥೆಯನ್ನು. ಆಟ ಬೇರೆಲ್ಲೋ ಇತ್ತು.

2018ರಲ್ಲಿ ಬಂದ ಈ ಗೇಮನ್ನು ಲ್ಯೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ. ಕಥೆ 1807ರದ್ದು. ಕಾಣೆಯಾಗಿದ್ದ ಹಡಗು ಖಾಲಿಯಾಗಿ ತೇಲಿಕೊಂಡು ಬಂದಿದೆ. ನೀನು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕ ನೋಡುವ ಅಧಿಕಾರಿ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು, ಕೊಲೆಯಾಗಿದ್ದರೆ ಕೊಂದವರು ಯಾರು, ಇಷ್ಟನ್ನು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲೊಂದು ಮಾಯದ ಗಡಿಯಾರ. ಹೆಣದ ಹತ್ತಿರ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ಒಂದಿಷ್ಟು ಮಾತು, ಸದ್ದು ಕೇಳುತ್ತದೆ. ಆಮೇಲೆ ಜೀವ ಹೋದ ಆ ಕ್ಷಣ ಅಲುಗಾಡದೆ ಎದುರಿಗೆ ನಿಲ್ಲುತ್ತದೆ. ಸುತ್ತಲೂ ಓಡಾಡಿ ನೋಡಬಹುದು. ಅಷ್ಟೇ.

ವಿಡಿಯೋದವನು "ಇವನು ಇಂಥವನು" ಅಂದಾಗ ನೀನು ತಲೆಯಾಡಿಸಿರುತ್ತೀಯ. ಎರಡು ಸೆಕೆಂಡಿನ ಕೆಲಸ. ಆಡುವವರಿಗೆ ಅದೇ ಮುಖ ಗಂಟೆಗಟ್ಟಲೆ ಕಾಡುತ್ತದೆ. ನಾವಿಕರ ಪಟ್ಟಿಯಲ್ಲಿ ಹೆಸರು, ಕೆಲಸ, ದೇಶ ಇದೆ. ಚಿತ್ರದಲ್ಲಿ ಮುಖಗಳಿವೆ. ಎರಡನ್ನೂ ಜೋಡಿಸುವ ದಾರ ಮಾತ್ರ ಎಲ್ಲೂ ಬರೆದಿಲ್ಲ. ಯಾರು ಯಾರ ಪಕ್ಕ ನಿಲ್ಲುತ್ತಾರೆ, ಯಾರು ಎಲ್ಲಿ ಮಲಗುತ್ತಾರೆ, ಯಾರ ಮಾತಿನ ಧಾಟಿ ಯಾವ ಊರಿನದು, ಯಾರ ಬಟ್ಟೆ ಬೇರೆಯವರಂತಿಲ್ಲ, ಹೀಗೆ ಒಂದೊಂದಾಗಿ ನೀನೇ ಹೆಕ್ಕಬೇಕು. ಆರನೇ ಸಲ ನೋಡಿದ ದೃಶ್ಯದಲ್ಲಿ, ಮೂಲೆಯಲ್ಲಿ ಬೆನ್ನು ಹಾಕಿ ನಿಂತವನನ್ನು ಕಂಡು "ಅರೇ, ಇವನಾ!" ಅಂತ ಗಟ್ಟಿಯಾಗಿ ಹೇಳಿಬಿಡುತ್ತೀಯ. ಆ 'ಅರೇ' ಇದೆಯಲ್ಲ, ಆಟ ಇದ್ದದ್ದು ಅದರಲ್ಲಿ. ಅದು ಪರದೆಯ ಮೇಲೆ ನಡೆಯುವುದಿಲ್ಲ, ವಿಡಿಯೋದಲ್ಲಿ ಸಿಗುವುದೂ ಇಲ್ಲ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಜಾಣತನ ಇನ್ನೊಂದು. ನೀನು ಬರೆದ ಉತ್ತರ ಸರಿಯೋ ತಪ್ಪೋ ಅಂತ ಗೇಮ್ ತಕ್ಷಣ ಹೇಳುವುದಿಲ್ಲ. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಆ ಮೂರನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತದೆ. ಒಂದೊಂದಕ್ಕೇ ಉತ್ತರ ಸಿಕ್ಕಿದ್ದರೆ ಪಟ್ಟಿಯ ಹೆಸರುಗಳನ್ನು ಸುಮ್ನೆ ಒಂದಾದ ಮೇಲೊಂದು ಒತ್ತಿ ನೋಡಬಹುದಿತ್ತು. ಮೂರು ಅಂದಾಗ ಕಣ್ಣುಮುಚ್ಚಿ ಕಲ್ಲು ಹೊಡೆಯುವುದು ನಡೆಯುವುದಿಲ್ಲ. ಇಬ್ಬರ ಬಗ್ಗೆ ಗಟ್ಟಿ, ಮೂರನೆಯವನ ಬಗ್ಗೆ ಅನುಮಾನ. ಆ ಅನುಮಾನವನ್ನು ತಲೆಯಲ್ಲಿಟ್ಟುಕೊಂಡೇ ಹಡಗು ಸುತ್ತಬೇಕು. ಪರೀಕ್ಷೆಯಲ್ಲೂ ಇಷ್ಟು ಚೆಂದವಾಗಿ ಯಾರೂ ನಮ್ಮನ್ನು ಕಾಯಿಸುವುದಿಲ್ಲ ಬಿಡು.

ಸುಳಿವು ಹೆಕ್ಕಿ ಒಗಟು ಬಿಡಿಸುವ ಈ ಜಾತಿಯ ಆಟ ಶುರುವಾದ ಕಥೆ ನಿನಗೆ ಹೇಳಲೇಬೇಕು. 1970ರ ದಶಕದ ನಡುವೆ ವಿಲ್ ಕ್ರೌಥರ್ ಅನ್ನುವ ಅಮೆರಿಕದ ಪ್ರೋಗ್ರಾಮರ್ ಇದ್ದ. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ಕಟ್ಟಿದ ತಂಡದಲ್ಲಿದ್ದವನು. ಬಿಡುವಿನಲ್ಲಿ ಗುಹೆ ಹತ್ತಿ ಇಳಿಯುವ ಹುಚ್ಚು. ಹೆಂಡತಿಯಿಂದ ಬೇರೆಯಾದ ಮೇಲೆ ಹೆಣ್ಣುಮಕ್ಕಳು ತನ್ನ ಹತ್ತಿರ ಬಂದಾಗ ಆಡಲಿ ಅಂತ ಒಂದು ಗೇಮ್ ಬರೆದ. ಚಿತ್ರವಿಲ್ಲ, ಬರೀ ಅಕ್ಷರ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಕಂಡ ದಾರಿಗಳನ್ನೇ ಅದರೊಳಗೆ ಇಟ್ಟ. ಎತ್ತ ಹೋಗಬೇಕು, ಏನು ಎತ್ತಿಕೊಳ್ಳಬೇಕು ಅಂತ ಟೈಪ್ ಮಾಡಿದರೆ ಮುಂದಿನ ಜಾಗದ ವರ್ಣನೆ ಬರುತ್ತಿತ್ತು. 1977ರಲ್ಲಿ ಡಾನ್ ವುಡ್ಸ್ ಅನ್ನುವ ಇನ್ನೊಬ್ಬ ಪ್ರೋಗ್ರಾಮರ್ ಅದನ್ನು ಹಿಗ್ಗಿಸಿದ. 'ಅಡ್ವೆಂಚರ್' ಅಂತ ಇಡೀ ಪ್ರಕಾರಕ್ಕೆ ಹೆಸರು ಬಂದದ್ದೇ ಆ ಗೇಮಿನಿಂದ. ಅಪ್ಪನೊಬ್ಬ ಮಕ್ಕಳಿಗಾಗಿ ಬರೆದ ಗುಹೆ ಇದು ಅಂತ ನೆನೆದಾಗಲೆಲ್ಲ ನನಗೆ ಖುಷಿ. ಅವನು ಮಕ್ಕಳಿಗೆ ಗುಹೆಯ ನಕ್ಷೆ ಕೊಡಲಿಲ್ಲ ನೋಡು. ನಕ್ಷೆ ಅವರೇ ಬರೆದುಕೊಳ್ಳಬೇಕಿತ್ತು.

1982ರಲ್ಲಿ ಇನ್ಫೋಕಾಂ ಕಂಪನಿಯ 'ಡೆಡ್‌ಲೈನ್' ಬಂತು. ಅದೂ ಬರೀ ಅಕ್ಷರದ್ದೇ, ಆದರೆ ಕೊಲೆ ಕೇಸು. ಮನೆಯೊಂದರಲ್ಲಿ 12 ಗಂಟೆಯೊಳಗೆ ತನಿಖೆ ಮುಗಿಸಬೇಕು. ಮನೆಯವರು ನಿನಗಾಗಿ ಕಾಯುತ್ತಾ ಕೂರುವುದಿಲ್ಲ. ತಮ್ಮ ಪಾಡಿಗೆ ಕೋಣೆಯಿಂದ ಕೋಣೆಗೆ ಓಡಾಡುತ್ತಾರೆ, ಫೋನ್ ಬಂದರೆ ಎತ್ತುತ್ತಾರೆ. ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನೀನಿಲ್ಲದಿದ್ದರೆ ಒಂದು ಸುಳಿವು ಕೈತಪ್ಪಿತು ಅಂತಲೇ ಲೆಕ್ಕ. ಡಿಸ್ಕಿನಲ್ಲಿ ಜಾಗ ಸಾಲದ್ದಕ್ಕೆ ಪೊಲೀಸ್ ವಿಚಾರಣೆಯ ಕಾಗದಗಳನ್ನು ಡಬ್ಬಿಯಲ್ಲೇ ಹಾಕಿ ಕೊಟ್ಟಿದ್ದರು. ಕಾಗದ ಮೇಜಿನ ಮೇಲೆ, ಮನೆ ಕಂಪ್ಯೂಟರಿನ ಒಳಗೆ, ಕೇಸು ಆಡುವವರ ತಲೆಯಲ್ಲಿ.

ಎಲ್ಲ ಹಳೆಯ ಗೇಮುಗಳೂ ಹೀಗೆ ಚೆನ್ನಾಗಿದ್ದವು ಅಂದುಕೊಳ್ಳಬೇಡ. ಕೆಲವು ಪಕ್ಕಾ ಮೋಸ. 1999ರ 'ಗೇಬ್ರಿಯಲ್ ನೈಟ್ 3' ಗೇಮಿನ ಮೀಸೆ ಪ್ರಸಂಗ ಕೇಳು. ನಾಯಕನಿಗೆ ಬಾಡಿಗೆ ಬೈಕ್ ಬೇಕು. ಅದಕ್ಕೆ ಗೆಳೆಯನ ವೇಷ ಹಾಕಬೇಕು. ವೇಷಕ್ಕೆ ಮೀಸೆ ಬೇಕು. ಮೀಸೆಗೆ ಬೆಕ್ಕಿನ ಕೂದಲು. ಅದಕ್ಕಾಗಿ ಬೆಕ್ಕು ನುಸುಳುವ ಕಂಡಿಗೆ ಟೇಪ್ ಅಂಟಿಸಿ ಬೆಕ್ಕನ್ನು ಓಡಿಸಬೇಕು. ಕೂದಲನ್ನು ಸಿಹಿ ಸಿರಪ್ಪಿನಿಂದ ಮುಖಕ್ಕೆ ಅಂಟಿಸಿಕೊಳ್ಳಬೇಕು. ತಮಾಷೆ ಏನು ಗೊತ್ತಾ? ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅವನ ಗುರುತಿನ ಚೀಟಿಯ ಫೋಟೋಕ್ಕೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಇಂಥದ್ದನ್ನು ಬಿಡಿಸಿದರೆ "ಅರೇ" ಅನ್ನಿಸುವುದಿಲ್ಲ, "ಅಯ್ಯೋ ಕರ್ಮ" ಅನ್ನಿಸುತ್ತದೆ. ಕಾರಣ ಸರಳ. ಉತ್ತರ ಗೊತ್ತಾದ ಮೇಲೂ ಅದು ನನಗೆ ಮೊದಲೇ ಹೊಳೆಯಬಹುದಿತ್ತು ಅನ್ನಿಸಬೇಕು. ಇಲ್ಲಿ ಹಾಗೆ ಅನ್ನಿಸಲು ಸಾಧ್ಯವೇ ಇಲ್ಲ.

ಇಂಥ ಮೋಸದ ಒಗಟುಗಳನ್ನು ರಾನ್ ಗಿಲ್ಬರ್ಟ್ ಅನ್ನುವ ಗೇಮ್ ಡಿಸೈನರ್ 1989ರಲ್ಲೇ ಹಿಡಿದು ಬೈದಿದ್ದ. ಅಡ್ವೆಂಚರ್ ಗೇಮುಗಳು ಯಾಕೆ ಕೆಟ್ಟದಾಗಿವೆ ಅಂತ ಲೇಖನವನ್ನೇ ಬರೆದ. ಮರುವರ್ಷ ಅವನ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಬಂತು. ಅದರಲ್ಲಿ ನಾಯಕ ಹೆಜ್ಜೆಹೆಜ್ಜೆಗೂ ಸಾಯುವುದಿಲ್ಲ. ಹಾಗಾಗಿ ಹೆದರದೆ ಏನು ಬೇಕಾದರೂ ಮಾಡಿ ನೋಡಬಹುದು. ಒಂದೇ ಒಂದು ಕಡೆ ಸಾಯಬಹುದು: ಅವನು ನೀರೊಳಗೆ 10 ನಿಮಿಷ ಉಸಿರು ಹಿಡಿಯಬಲ್ಲೆ ಅಂತ ಕೊಚ್ಚಿಕೊಳ್ಳುತ್ತಿರುತ್ತಾನೆ, ನೀನು ನಿಜವಾಗಿಯೂ 10 ನಿಮಿಷ ಸುಮ್ಮನೆ ಕೂತರೆ ಹೋಗೇಬಿಡುತ್ತಾನೆ. ಇಂಥ ಕೀಟಲೆಯೂ ಒಂದು ಬಹುಮಾನವೇ. ಮಾಡಿದವರು ನಮ್ಮ ಕುತೂಹಲವನ್ನು ಮೊದಲೇ ಊಹಿಸಿದ್ದರು ಅಂತ ಗೊತ್ತಾದಾಗ ಅವರ ಜೊತೆ ಸೇರಿ ನಕ್ಕಂತಾಗುತ್ತದೆ.

ಇನ್ನು ಸುಳ್ಳು ಹಿಡಿಯುವ ಗೇಮುಗಳು. ಜಪಾನಿನ ಶು ತಕುಮಿ ಮಾಡಿದ 'ಏಸ್ ಅಟಾರ್ನಿ' ಶುರುವಾದದ್ದು 2001ರಲ್ಲಿ. ನೀನು ವಕೀಲ. ಸಾಕ್ಷಿ ಹೇಳುವ ಒಂದೊಂದು ವಾಕ್ಯವನ್ನೂ ಕೆದಕಬಹುದು. ಅವನ ಮಾತಿಗೂ ನಿನ್ನ ಕೈಯಲ್ಲಿರುವ ಪುರಾವೆಗೂ ಹೊಂದದ ಜಾಗ ಕಂಡಿತೋ, ಆಕ್ಷೇಪಣೆ ಅಂತ ಕೂಗಿ ಪುರಾವೆ ಮುಂದಿಡುತ್ತೀಯ. ಗೊಂಬೆಯಂಥ ಚಿತ್ರಗಳು, ಅತಿರೇಕದ ಬೆವರು, ಕಿರುಚಾಟ. ಆದರೂ 2011ರ 'ಎಲ್.ಎ. ನ್ವಾರ್'ಗಿಂತ ನನಗೆ ಇದೇ ಇಷ್ಟ. ಎಲ್.ಎ. ನ್ವಾರ್‌ನಲ್ಲಿ 1947ರ ಲಾಸ್ ಏಂಜಲೀಸ್ ಕಣ್ಣಿಗೆ ಹಬ್ಬ. ನಿಜವಾದ ನಟರ ಮುಖಭಾವವನ್ನೇ ಸೆರೆಹಿಡಿದು ಪಾತ್ರಗಳಿಗೆ ಹಚ್ಚಿದ್ದಾರೆ. ಎದುರಿನವನ ಕಣ್ಣು ನೋಡಿ ನಿಜವೋ, ಅನುಮಾನವೋ, ಸುಳ್ಳೋ ಹೇಳಬೇಕು. ಐಡಿಯಾ ಭಾರಿ ಚೆನ್ನಾಗಿದೆ. ಆದರೆ ಒತ್ತಿದ ಮರುಕ್ಷಣವೇ ಒಂದು ಸಣ್ಣ ಸಂಗೀತ ಬಂದು ಸರಿ ತಪ್ಪು ಹೇಳಿಬಿಡುತ್ತದೆ. ಅನುಮಾನಕ್ಕೆ ಉಸಿರಾಡಲು ಪುರುಸೊತ್ತೇ ಇಲ್ಲ. ಓಬ್ರಾ ಡಿನ್ ಕಾಯಿಸುತ್ತದೆ ಅಂದೆನಲ್ಲ, ಅದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ತಪ್ಪು ಮಾಡಲು ಬಿಡುವ ಗೇಮುಗಳೂ ಇವೆ. 2014ರ ಶೆರ್ಲಾಕ್ ಹೋಮ್ಸ್ ಗೇಮ್ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'ನಲ್ಲಿ ಅಮಾಯಕನ ಮೇಲೆ ಕೊಲೆ ಆರೋಪ ಹೊರಿಸಿದರೂ ಕೇಸು ಮುಚ್ಚುತ್ತದೆ, ಕಥೆ ಮುಂದೆ ಹೋಗುತ್ತದೆ. ಸರಿಯಾಗಿತ್ತಾ ಅಂತ ಬೇಕಿದ್ದರೆ ತೆರೆದು ನೋಡಬಹುದು. ತೆರೆಯದೆ ಮುಂದೆ ಹೋಗುವ ಧೈರ್ಯ ನಿನಗಿದೆಯಾ, ನೋಡೋಣ.

ಕಥೆಯ ವಿಷಯಕ್ಕೆ ಬರುತ್ತೇನೆ. ನಿನಗೆ ಬೇಕಾದ್ದು ಕಥೆ, ಒಗಟಲ್ಲ ಅಂತ ನನಗೆ ಗೊತ್ತು. ಒಳ್ಳೆಯ ಗೇಮುಗಳಲ್ಲಿ ಇವೆರಡನ್ನು ಬಿಡಿಸಲು ಆಗುವುದಿಲ್ಲ. 2015ರಲ್ಲಿ ಸ್ಯಾಮ್ ಬಾರ್ಲೋ 'ಹರ್ ಸ್ಟೋರಿ' ಅಂತ ಒಂದು ಮಾಡಿದ. ಹಳೆಯ ಪೊಲೀಸ್ ಕಂಪ್ಯೂಟರಿನಲ್ಲಿ 1994ರ ವಿಚಾರಣೆಯ ತುಂಡು ತುಂಡು ವಿಡಿಯೋಗಳು. ಒಬ್ಬಳೇ ಹೆಂಗಸು ಉತ್ತರ ಕೊಡುತ್ತಿದ್ದಾಳೆ, ಪ್ರಶ್ನೆಗಳು ಕೇಳಿಸುವುದಿಲ್ಲ. ನೀನು ಒಂದು ಪದ ಟೈಪ್ ಮಾಡಿದರೆ ಆ ಪದ ಆಡಿರುವ ಮೊದಲ ಐದು ತುಂಡು ಮಾತ್ರ ಸಿಗುತ್ತವೆ. ಅವಳ ಮಾತಿನಲ್ಲಿ ಹೊಸ ಹೆಸರೊಂದು ಬಂತು, ಅದನ್ನು ಹುಡುಕುತ್ತೀಯ, ಅದು ಮತ್ತೆಲ್ಲಿಗೋ ಒಯ್ಯುತ್ತದೆ. ನೀನು ಕೊನೆಯನ್ನು ಮೊದಲೇ ನೋಡಿರಬಹುದು, ಮೊದಲನ್ನು ಕೊನೆಗೆ. ಇಬ್ಬರು ಆಡಿದರೆ ಇಬ್ಬರೂ ಅದೇ ಕಥೆಯನ್ನು ಬೇರೆ ಬೇರೆ ಬಾಗಿಲಿನಿಂದ ಹೊಕ್ಕಿರುತ್ತಾರೆ. ಆಮೇಲೆ ಅವರು ಮಾತಿಗೆ ಕೂತರೆ ಜಗಳ ಗ್ಯಾರಂಟಿ.

'ಡಿಸ್ಕೋ ಎಲಿಸಿಯಂ' 2019ರದ್ದು, ಅದು ಬೇರೆಯೇ ಲೋಕ. ಪತ್ತೇದಾರ ಕುಡಿದು ಕುಡಿದು ತನ್ನ ಹೆಸರನ್ನೇ ಮರೆತಿದ್ದಾನೆ. ಅವನ 24 ಗುಣಗಳು ತಲೆಯೊಳಗೆ ಒಂದೊಂದು ಗಂಟಲಿನಲ್ಲಿ ಮಾತಾಡುತ್ತವೆ. ಒಂದು ತರ್ಕ ಮಾಡಿದರೆ ಇನ್ನೊಂದು ಚಿತಾವಣೆ ಮಾಡುತ್ತದೆ, ಮತ್ತೊಂದು ಸುಳ್ಳು ಸಲಹೆ ಕೊಡುತ್ತದೆ. ಶುರುವಿನಲ್ಲೇ ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಸತ್ತವರಿದ್ದಾರೆ! ಕೊಲೆಗಾರ ಯಾರು ಅನ್ನುವುದು ಅಲ್ಲಿ ಬರಬರುತ್ತಾ ಹಿಂದೆ ಸರಿಯುತ್ತದೆ. ಜೊತೆಗಿರುವ ಕಿಮ್ ಕಿತ್ಸುರಾಗಿ ಅನ್ನುವ ಶಾಂತ ಪೊಲೀಸನ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು ಅನ್ನುವುದೇ ದೊಡ್ಡದಾಗುತ್ತದೆ. ಅವನು ಹುಬ್ಬು ಗಂಟಿಕ್ಕಿದರೆ ನನಗೇ ಬೇಜಾರಾಗುತ್ತಿತ್ತು. ಅವಮಾನ ಪತ್ತೇದಾರನದ್ದಲ್ಲ, ನನ್ನದು. ಏಕೆಂದರೆ ಆ ದಡ್ಡ ಮಾತನ್ನು ಆರಿಸಿದ್ದು ನಾನು. ಇದನ್ನು ನೋಡುತ್ತಾ ಕೂತವರಿಗೆ ಈ ಬೇಜಾರಿನಲ್ಲಿ ಪಾಲು ಸಿಗುವುದಿಲ್ಲ.

ಮುಕ್ಕಾಲು ಜನ ಕೈಬಿಡುವುದು ಸಿಕ್ಕಿಹಾಕಿಕೊಂಡಾಗ. ಆಗೇನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಮೊದಲು, ಕಾಗದದಲ್ಲಿ ಬರೆದುಕೊ. ಫೋನಿನಲ್ಲಿ ಬೇಡ, ಬಾಣ ಗೀಚಲು ಕಾಗದವೇ ಸರಿ. ಆಮೇಲೆ ಗೇಮ್ ಮುಚ್ಚಿ ಬೇರೆ ಕೆಲಸ ನೋಡು. ನಲ್ಲಿ ಕೆಳಗೆ ಕೈ ತೊಳೆಯುವಾಗ ಹೊಳೆಯುವಷ್ಟು ಉತ್ತರ ಪರದೆ ದಿಟ್ಟಿಸುವಾಗ ಹೊಳೆಯುವುದಿಲ್ಲ. ಅದೂ ಆಗದಿದ್ದರೆ ಸುಳಿವು ನೋಡು, ತಪ್ಪೇನಿಲ್ಲ. ಆದರೆ ನೋಡುವ ಕ್ರಮ ಇದೆ. ಹಿಂದೆ ಇನ್ಫೋಕಾಂ 'ಇನ್ವಿಸಿಕ್ಲೂಸ್' ಅಂತ ಪುಸ್ತಕ ಮಾರುತ್ತಿತ್ತು. ಉತ್ತರಗಳು ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತಿದ್ದವು. ಜೊತೆಗೆ ಕೊಟ್ಟ ಪೆನ್ನು ಉಜ್ಜಿದರೆ ಮೊದಲ ಸಾಲಿನಲ್ಲಿ ಬರೀ ಒಂದು ಇಶಾರೆ, ಎರಡನೆಯದರಲ್ಲಿ ಇನ್ನೊಂಚೂರು, ಪೂರ್ತಿ ಉತ್ತರ ಕೊನೆಯ ಸಾಲಿನಲ್ಲಿ. ಗೇಮನ್ನು ಮೊದಲಿಂದ ಕೊನೆಯವರೆಗೆ ಆಡಿ ತೋರಿಸುವ ವಾಕ್‌ಥ್ರೂ ವಿಡಿಯೋಗಳಿಗೆ ಈ ಮರ್ಯಾದೆ ಇಲ್ಲ. ಒಂದು ಬಾಗಿಲು ಹೇಗೆ ತೆಗೆಯುವುದು ಅಂತ ಹೋದರೆ ಕೊಲೆಗಾರನ ಮುಖವನ್ನು ಥಂಬ್‌ನೇಲಿನಲ್ಲೇ ಹಾಕಿರುತ್ತಾರೆ, ಪಾಪಿಗಳು. ಅದರ ಬದಲು ನನಗೆ ಫೋನ್ ಮಾಡು. ಮೊದಲ ಸಾಲಷ್ಟೇ ಹೇಳುತ್ತೇನೆ, ಪ್ರಾಮಿಸ್.

ಓಬ್ರಾ ಡಿನ್ ನಿನ್ನ ಪಾಲಿಗೆ ಹೋಯಿತು. 'ಔಟರ್ ವೈಲ್ಡ್ಸ್' ಅನ್ನುವ ಗೇಮ್ ಬಗ್ಗೆ ಮಾತ್ರ ದಯವಿಟ್ಟು ಏನನ್ನೂ ಹುಡುಕಬೇಡ. ಇಷ್ಟು ತಿಳಿದಿರಲಿ: ಒಂದು ಪುಟ್ಟ ಸೌರಮಂಡಲ, 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿನಿಂದ ಶುರು. ಹೊಸ ಆಯುಧವಿಲ್ಲ, ಪಾಯಿಂಟ್ ಇಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನೀನು ಒಯ್ಯುವುದು ತಿಳಿದುಕೊಂಡಿದ್ದನ್ನು ಮಾತ್ರ. ಅದನ್ನು ರಜೆಗೆ ಇಟ್ಟುಕೊ, ಜಾಸ್ತಿ ಸಮಯ ಬೇಕು.

ಈಗ ಪರೀಕ್ಷೆ ಮುಗಿಯುವವರೆಗೆ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' ಸಾಕು, 2022ರದ್ದು. ಒಂದೊಂದು ಕೊಲೆಯೂ ಒಂದು ನಿಂತ ಚಿತ್ರ. ಜೇಬು, ಕಾಗದ, ಗೋಡೆ ತಡಕಿ ಪದಗಳನ್ನು ಕೂಡಿಸಿಕೊಂಡು ಏನು ನಡೆಯಿತು ಅನ್ನುವ ವಾಕ್ಯದ ಖಾಲಿ ಜಾಗ ತುಂಬಬೇಕು. ಒಂದು ಕೂರಿಕೆಗೆ ಒಂದು ಕೇಸು ಆಗುತ್ತದೆ. ಚಿತ್ರಗಳು ಕುರೂಪವಾಗಿವೆ, ಬೇಕಂತಲೇ ಹಾಗಿವೆ, ಮೂಗು ಮುರಿಯಬೇಡ. ಮೊದಲೆರಡು ಕೇಸು ಸುಲಭ. ಆಮೇಲಿನವುಗಳಲ್ಲಿ ಹಿಂದೆ ಕಂಡ ಮುಖಗಳೇ ಬೇರೆ ಬಟ್ಟೆಯಲ್ಲಿ ಬರುತ್ತವೆ, ಹೆಸರು ಬರೆದಿಟ್ಟುಕೊಂಡಿರು. ಭಾನುವಾರ ಫೋನ್ ಮಾಡಿದಾಗ ಎಲ್ಲಿಗೆ ಬಂದೆ ಅಂತ ಹೇಳು.

ನಿನ್ನ,
ಅಮ್ಮ