ಬಂದೂಕಿನ ನಿಷೇಧ ಸರಿ, ವಿಚಾರಣೆಯಿಲ್ಲದ ವಜಾ ಸರಿಯಲ್ಲ

ಮಾನ್ಯ ಸಂಪಾದಕರಿಗೆ,

ಅಮೆರಿಕದಲ್ಲಿ ನಡೆಯುವ ಗುಂಡಿನ ದಾಳಿಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೆ ಅದೇ ದೇಶದಲ್ಲಿ ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡಿರುವ ಕೆಲಸಗಾರರು, ಯಾರ ಮೇಲೂ ಅದನ್ನು ಎತ್ತದೆ, ಕಂಪನಿಯ ಆವರಣಕ್ಕೆ ಆಯುಧ ತರಕೂಡದೆಂಬ ನಿಯಮ ಮುರಿದ ಕಾರಣಕ್ಕೇ ಕೆಲಸ ಕಳೆದುಕೊಳ್ಳುವ ಸಂಗತಿ ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಬಹುಕಾಲದಿಂದ ವಕೀಲಿ ಮಾಡುತ್ತಿರುವ ನನಗೆ ಆ ಪ್ರಕರಣಗಳ ತೀರ್ಪುಗಳನ್ನು ಓದುವಾಗಲೆಲ್ಲ ಒಂದು ಮಾತು ಕಾಡುತ್ತದೆ. ಅಲ್ಲಿ ಎರಡೂ ಕಡೆಯವರು ಬಂದೂಕಿನ ಬಗ್ಗೆಯೇ ವಾದಿಸುತ್ತಾರೆ. ಕೆಲಸಗಾರನನ್ನು ಒಂದು ಮಾತೂ ಕೇಳದೆ ಮನೆಗೆ ಕಳಿಸುವ ಮಾಲೀಕನ ಅಧಿಕಾರದ ಬಗ್ಗೆ ಬಾಯಿ ತೆರೆಯುವವರು ವಿರಳ. ಈ ವಿಷಯವನ್ನು ತಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಈ ಬಗೆಯ ವಿವಾದಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಒಕ್ಲಹೋಮಾ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ವ್ಯಾಲಿಯಂಟ್ ಎಂಬ ಸಣ್ಣ ಊರಿನದು. ಅಲ್ಲಿ ವೇರ್‌ಹೌಸರ್ ಕಂಪನಿಯ ಕಾಗದದ ಕಾರ್ಖಾನೆ ಇತ್ತು. ಸುತ್ತಲೂ ಕಾಡು, ಜಿಂಕೆ ಬೇಟೆಗೆ ಹೆಸರಾದ ಪ್ರದೇಶ. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಯಾರಿಗೂ ಆಶ್ಚರ್ಯವಲ್ಲದ ಹಾಗೆ, ಅಲ್ಲಿನವರಿಗೆ ತಮ್ಮ ಟ್ರಕ್ಕಿನ ಸೀಟಿನ ಹಿಂದೆ ಬೇಟೆಯ ಬಂದೂಕು ಇರುವುದು ವಿಶೇಷವಾಗಿರಲಿಲ್ಲ. 2002ರ ಅಕ್ಟೋಬರ್ 1ರಂದು ಮಾದಕ ವಸ್ತುಗಳ ಶಂಕೆಯಿಂದ ಕಂಪನಿಯವರು ವಾಸನೆ ಹಿಡಿಯುವ ನಾಯಿಗಳನ್ನು ಕರೆಸಿ, ಕೆಲಸಗಾರರು ವಾಹನ ನಿಲ್ಲಿಸುವ ಜಾಗವನ್ನು ಶೋಧಿಸಿದರು. ನಾಯಿಗಳು ನಿಂತ ವಾಹನಗಳ ಬಾಗಿಲನ್ನು ಅವುಗಳ ಒಡೆಯರಿಂದಲೇ ತೆರೆಸಲಾಯಿತು. ಸಿಕ್ಕಿದ್ದು ಬಂದೂಕುಗಳು. 12 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕಂಪನಿಯ ನೇರ ನೌಕರರೂ ಅಲ್ಲ, ಗುತ್ತಿಗೆದಾರರ ಕಡೆಯಿಂದ ಬಂದು ದುಡಿಯುತ್ತಿದ್ದವರು. ವಾಹನ ನಿಲ್ಲಿಸುವ ಜಾಗಕ್ಕೂ ನಿಷೇಧ ಅನ್ವಯಿಸುತ್ತದೆಂದು ಮೊದಲೇ ತಿಳಿಸಿದ್ದೆವೆಂದು ಕಂಪನಿ ಹೇಳಿತು. ತಮಗೆ ಅದು ಸರಿಯಾಗಿ ತಿಳಿದೇ ಇರಲಿಲ್ಲವೆಂದು ಕೆಲಸಗಾರರು ಹೇಳಿದರು. ಇಂಥ ಒಂದು ವಿವಾದ ನಮ್ಮ ಊರಿನಲ್ಲಿ ಹುಟ್ಟಿದ್ದರೆ ಇಡೀ ಮೊಕದ್ದಮೆ ನಿಲ್ಲುತ್ತಿದ್ದದ್ದು ಈ ಪ್ರಶ್ನೆಯ ಮೇಲೆಯೇ: ಸುತ್ತೋಲೆ ಕೆಲಸಗಾರನ ಕೈ ಸೇರಿತ್ತೇ, ಅವನ ಸಹಿ ಇದೆಯೇ, ನೋಟಿಸ್ ಬೋರ್ಡಿನಲ್ಲಿ ಯಾವ ದಿನ ಹಚ್ಚಲಾಯಿತು? ಅಲ್ಲಿ ಅದನ್ನು ಕೆಲಸ ಹೋಗುವ ಮೊದಲು ಯಾರೂ ವಿಚಾರಿಸಬೇಕಾಗಿರಲಿಲ್ಲ.

ಆ ಕೆಲಸಗಾರರು ಹೂಡಿದ ದಾವೆಯನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಅವರ ಪರವಾಗಿ ಎದ್ದು ನಿಂತಿತ್ತು. ಕೆಲಸಗಾರನು ತನ್ನ ಬೀಗ ಹಾಕಿದ ವಾಹನದಲ್ಲಿ ಕಾನೂನುಬದ್ಧ ಬಂದೂಕು ಇಡುವುದನ್ನು ಯಾವ ಮಾಲೀಕನೂ ನಿಷೇಧಿಸಕೂಡದೆಂದು 2004ರಲ್ಲಿ ಅದು ಕಾನೂನು ಮಾಡಿತು. ದೊಡ್ಡ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿ ಇಡಬೇಕೆಂದು 1970ರ ಕೇಂದ್ರ ಕಾನೂನು ಮಾಲೀಕರ ಮೇಲೆ ಹೊಣೆ ಹೊರಿಸಿರುವಾಗ ರಾಜ್ಯವು ಹೀಗೆ ಹೇಳುವಂತಿಲ್ಲವೆಂಬುದು ಅವರ ವಾದವಾಗಿತ್ತು. 2007ರಲ್ಲಿ ಜಿಲ್ಲಾ ನ್ಯಾಯಾಲಯ ಅದನ್ನು ಒಪ್ಪಿತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ ಕಾನೂನನ್ನು ಉಳಿಸಿತು. ಇಂದು 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ. ಆದರೆ ವ್ಯಾಲಿಯಂಟ್‌ನಲ್ಲಿ ಕೆಲಸ ಕಳೆದುಕೊಂಡವರಿಗೆ, ಯಾರ ಹೆಸರು ಹೇಳಿಕೊಂಡು ಇಷ್ಟೆಲ್ಲ ನಡೆಯಿತೋ ಅವರಿಗೆ, ಇದರಿಂದ ಕೆಲಸ ಮರಳಿ ಸಿಗಲಿಲ್ಲ.

ಕಾನೂನು ಬಂದ ಮೇಲೂ ಕೆಲಸ ಹೋಗುವುದು ನಿಂತಿಲ್ಲ. ಫ್ಲಾರಿಡಾದಲ್ಲಿ 2008ರ ಜುಲೈ 1ರಿಂದ ಇಂಥದೇ ಕಾನೂನು ಜಾರಿಗೆ ಬಂತು. ಅದರಲ್ಲಿ ಶಾಲೆ, ಸೆರೆಮನೆ, ಅಣುವಿದ್ಯುತ್ ಸ್ಥಾವರಗಳಿಗೆ ವಿನಾಯಿತಿ ಇದೆ. ಸ್ಫೋಟಕಗಳನ್ನು ಇಟ್ಟುಕೊಳ್ಳಲು ಕೇಂದ್ರ ಪರವಾನಗಿ ಪಡೆದ ಮಾಲೀಕರಿಗೂ ಇದೆ. ಡಿಸ್ನಿ ವರ್ಲ್ಡ್‌ನವರು ತಮ್ಮಲ್ಲಿ ಪ್ರತಿ ರಾತ್ರಿ ಬಾಣಬಿರುಸು ಹಾರಿಸುವುದಕ್ಕಾಗಿ ಅಂಥ ಪರವಾನಗಿ ಇದೆಯೆಂದು ಹೇಳಿ, ಈ ಕಾನೂನು ತಮಗೆ ಅನ್ವಯಿಸುವುದಿಲ್ಲವೆಂದು ಸಾರಿದರು. ಅದನ್ನು ಪ್ರಶ್ನಿಸಿ ಕಾರಿನಲ್ಲಿ ಬಂದೂಕು ಇಟ್ಟುಕೊಂಡು ಕೆಲಸಕ್ಕೆ ಬಂದ ಅವರದೇ ಭದ್ರತಾ ಸಿಬ್ಬಂದಿಯೊಬ್ಬರನ್ನು ಅದೇ ತಿಂಗಳಲ್ಲಿ ಕೆಲಸದಿಂದ ತೆಗೆಯಲಾಯಿತು. ವಿನಾಯಿತಿಯ ಅರ್ಥ ಅಷ್ಟು ವಿಶಾಲವೇ ಎಂಬುದು ಗಂಭೀರವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ತನಕ ಕೆಲಸದಲ್ಲಿ ಉಳಿಯುವ ಹಕ್ಕು ಆ ಮನುಷ್ಯನಿಗೆ ಇರಲಿಲ್ಲ.

ನನ್ನನ್ನು ಇದಕ್ಕಿಂತಲೂ ಹೆಚ್ಚು ಕಲಕಿದ್ದು ಮಿಷಿಗನ್ ರಾಜ್ಯದ ಔಷಧ ಅಂಗಡಿಯ ಪ್ರಕರಣ. ವಾಲ್‌ಗ್ರೀನ್ಸ್ ಸಂಸ್ಥೆಯ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯ ಔಷಧ ವಿತರಕರಾಗಿದ್ದವರು ಒಮ್ಮೆ ದರೋಡೆಗೆ ಸಿಕ್ಕಿದ್ದರು. ಭದ್ರತೆ ಹೆಚ್ಚಿಸಬೇಕೆಂದು ಸಂಸ್ಥೆಯನ್ನು ಕೇಳಿಕೊಂಡಿದ್ದರು. ಅದು ಸಾಲದೆ ಹೋದಾಗ ಪರವಾನಗಿ ಪಡೆದು ಪಿಸ್ತೂಲನ್ನು ಜೊತೆಗಿಟ್ಟುಕೊಂಡರು. 2011ರ ಮೇ ತಿಂಗಳಲ್ಲಿ ಬೆಳಗಿನ ಜಾವ ಮತ್ತೆ ಶಸ್ತ್ರಧಾರಿಗಳು ನುಗ್ಗಿದರು. ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಒಬ್ಬ ಬಂದೂಕು ಹಿಡಿದು ಎದುರಿಗೇ ಬಂದ. ಇವರು ಗುಂಡು ಹಾರಿಸಿದರು, ಯಾರಿಗೂ ಗಾಯವಾಗಲಿಲ್ಲ, ದರೋಡೆಕೋರರು ಓಡಿದರು. ಕೆಲವೇ ದಿನಗಳಲ್ಲಿ ಇವರ ಕೆಲಸ ಹೋಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಸಂಸ್ಥೆಯ ಪರವಾಗಿಯೇ ತೀರ್ಪು ಕೊಟ್ಟಿತು. ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಕಾಯುವ ಅಮೆರಿಕದ ಸಂವಿಧಾನದ 2ನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ಖಾಸಗಿ ಮಾಲೀಕನ ಕೈಯನ್ನಲ್ಲ. ಕಾನೂನಿನ ದೃಷ್ಟಿಯಿಂದ ಆ ತೀರ್ಪಿನಲ್ಲಿ ನನಗೆ ದೋಷ ಕಾಣುವುದಿಲ್ಲ. ಆದರೂ ಭದ್ರತೆಗಾಗಿ ಕೇಳಿಕೊಂಡ ನೌಕರನ ಮನವಿ ಏನಾಯಿತೆಂದು ಸಂಸ್ಥೆಯೇ ಉತ್ತರ ಕೊಡಬೇಕಾದ ಒಂದು ವೇದಿಕೆ, ಕೆಲಸ ತೆಗೆಯುವ ಮೊದಲು, ಎಲ್ಲಿಯೂ ಇರಲಿಲ್ಲವೆಂಬುದನ್ನು ನಾನು ಒಪ್ಪಲಾರೆ.

ಹೀಗೆಂದ ಮಾತ್ರಕ್ಕೆ ಕೆಲಸದ ಸ್ಥಳದಲ್ಲಿ ಬಂದೂಕು ಇರಬೇಕೆಂದು ನಾನು ವಾದಿಸುತ್ತಿಲ್ಲ. ನಿಷೇಧ ಇರಲೇಬೇಕು. 1986ರ ಆಗಸ್ಟ್ 20ರಂದು ಇದೇ ಒಕ್ಲಹೋಮಾದ ಎಡ್ಮಂಡ್ ಅಂಚೆ ಕಚೇರಿಯಲ್ಲಿ ಒಬ್ಬ ಅಂಚೆ ನೌಕರ ತನ್ನ 14 ಮಂದಿ ಸಹೋದ್ಯೋಗಿಗಳನ್ನು ಕೊಂದು ತಾನೂ ಗುಂಡು ಹೊಡೆದುಕೊಂಡ. 2003ರ ಜುಲೈ 8ರಂದು ಮಿಸಿಸಿಪಿ ರಾಜ್ಯದ ಮೆರಿಡಿಯನ್‌ನಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಾರ್ಖಾನೆಯ ಕೆಲಸಗಾರನೊಬ್ಬ ತರಬೇತಿ ಸಭೆಯ ನಡುವೆ ಎದ್ದುಹೋಗಿ, ಹೊರಗೆ ನಿಂತಿದ್ದ ತನ್ನ ಟ್ರಕ್ಕಿನಿಂದಲೇ ಬಂದೂಕುಗಳನ್ನು ತಂದು 6 ಮಂದಿಯನ್ನು ಕೊಂದ. ವಾಹನದಲ್ಲಿ ಬೀಗ ಹಾಕಿಟ್ಟ ಬಂದೂಕಿನಿಂದ ಯಾರಿಗೇನು ಅಪಾಯ ಎಂದು ಕೇಳುವವರು ಈ ಘಟನೆಯನ್ನು ಮರೆಯಬಾರದು. ಆಯುಧ ತರಲು ಬಿಡುವ ಕೆಲಸದ ಸ್ಥಳಗಳಲ್ಲಿ ಕೊಲೆಯ ಸಂಭವ, ಬಿಡದ ಸ್ಥಳಗಳಿಗಿಂತ ಸುಮಾರು 5 ಪಟ್ಟು ಹೆಚ್ಚೆಂದು ನಾರ್ತ್ ಕ್ಯಾರೊಲಿನಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತ್ತು. ನೂರಾರು ಜನರ ಜೀವದ ಹೊಣೆ ಹೊತ್ತ ಕಾರ್ಖಾನೆಯ ವ್ಯವಸ್ಥಾಪಕ ಇದನ್ನೆಲ್ಲ ತಿಳಿದೂ ಕಣ್ಣುಮುಚ್ಚಿ ಕೂರಬೇಕೆಂದು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಆದರೆ ನಿಷೇಧ ಬೇರೆ, ಅದನ್ನು ಮುರಿದವನಿಗೆ ಕೊಡುವ ಶಿಕ್ಷೆ ಬೇರೆ. ಅಮೆರಿಕದ ಬಹುಪಾಲು ಖಾಸಗಿ ಉದ್ಯೋಗಗಳಲ್ಲಿ ಮಾಲೀಕನು ಯಾವುದೇ ಕಾರಣಕ್ಕೆ ಅಥವಾ ಕಾರಣವೇ ಇಲ್ಲದೆ, ಮುನ್ಸೂಚನೆಯಿಲ್ಲದೆ, ನೌಕರನನ್ನು ತೆಗೆಯಬಹುದು. ಜನಾಂಗ, ಧರ್ಮ, ಲಿಂಗ ಮೊದಲಾದ ಕೆಲವು ಕಾರಣಗಳನ್ನು ಕಾನೂನು ತಡೆದಿದೆ. ಉಳಿದದ್ದು ಮಾಲೀಕನ ಇಚ್ಛೆ. 50 ರಾಜ್ಯಗಳಲ್ಲಿ ಮೊಂಟಾನಾ ಒಂದೇ, 1987ರ ಕಾನೂನಿನ ಮೂಲಕ, ಪರೀಕ್ಷಾ ಅವಧಿ ಮುಗಿಸಿದ ನೌಕರರನ್ನು ತೆಗೆಯಲು ಸಮರ್ಪಕ ಕಾರಣ ಇರಲೇಬೇಕೆಂದು ಸಾಮಾನ್ಯ ನಿಯಮವಾಗಿ ವಿಧಿಸಿದೆ. ಬಲವಾದ ಕಾರ್ಮಿಕ ಸಂಘ ಇರುವಲ್ಲಿ ಒಪ್ಪಂದದ ಪ್ರಕಾರ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಸಂಘವಿಲ್ಲದ ಗೋದಾಮಿನಲ್ಲಿ, ಅಂಗಡಿಯಲ್ಲಿ, ಪಿಜ್ಜಾ ತಲುಪಿಸುವ ಕೆಲಸದಲ್ಲಿ ಇರುವವರಿಗೆ ಅದೂ ಇಲ್ಲ.

ಬಂದೂಕಿನ ಪರವಾದ ಶಾಸಕರು ಮಾಡಿದ್ದೇನೆಂದರೆ ಈ ಮೂಲ ವ್ಯವಸ್ಥೆಯನ್ನು ಮುಟ್ಟದೆ ಅದರಲ್ಲಿ ಬಂದೂಕಿಗೆ ಮಾತ್ರ ಒಂದು ಕಿಂಡಿ ಕೊರೆದರು. ಮಿಸಿಸಿಪಿಯ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ, ಬೀಗ ಹಾಕಿದ ಟ್ರಕ್ಕಿನಲ್ಲಿ ಬಂದೂಕು ಇಟ್ಟಿದ್ದಕ್ಕೆ ಕೆಲಸ ಕಳೆದುಕೊಂಡ ವಿಮಾನ ಕಾರ್ಖಾನೆಯ ನೌಕರನೊಬ್ಬ ತನ್ನ ಮಾಲೀಕನ ಮೇಲೆ ದಾವೆ ಹೂಡಬಹುದೆಂದು ಹೇಳಿತು. ಅಂದರೆ ಅಲ್ಲಿ ಬಂದೂಕಿನ ಕಾರಣಕ್ಕೆ ತೆಗೆದರೆ ನ್ಯಾಯಾಲಯದ ಬಾಗಿಲು ತೆರೆಯುತ್ತದೆ. ತಾಯಿಗೆ ಹುಷಾರಿಲ್ಲವೆಂದು ಒಂದು ದಿನ ತಡವಾಗಿ ಬಂದದ್ದಕ್ಕೆ ತೆಗೆದರೆ ಬಹುಮಟ್ಟಿಗೆ ತೆರೆಯುವುದಿಲ್ಲ. ದುಡಿಯುವ ಮನುಷ್ಯನಿಗಿಂತ ಅವನ ವಾಹನದಲ್ಲಿರುವ ಆಯುಧಕ್ಕೆ ಹೆಚ್ಚು ರಕ್ಷಣೆ ಕೊಟ್ಟ ಈ ಏರ್ಪಾಡನ್ನು ಕಾರ್ಮಿಕರ ಗೆಲುವೆಂದು ಕರೆಯುವುದು ನನಗೆ ನೋವಿನ ಸಂಗತಿ.

ನಮ್ಮಲ್ಲಿ ಬಂದೂಕಿನ ಕಾರಣಕ್ಕೆ ಕೆಲಸ ಹೋಗುವುದು ಬೇರೆ ತೆರನಾಗಿ. ಹಣ ಸಾಗಿಸುವ ವಾಹನಗಳಿಗೂ ಬ್ಯಾಂಕುಗಳಿಗೂ ಗನ್‌ಮ್ಯಾನ್‌ಗಳನ್ನು ಒದಗಿಸುವ ಏಜೆನ್ಸಿಗಳು, ಸ್ವಂತ ಪರವಾನಗಿ ಮತ್ತು ಬಂದೂಕು ಇರುವ ಮಾಜಿ ಸೈನಿಕರನ್ನೇ ಹುಡುಕಿ ನೇಮಿಸಿಕೊಳ್ಳುವ ರೂಢಿ ಇದೆ. ಅಂಥ ಒಬ್ಬರ ಪರವಾನಗಿ ನವೀಕರಣ ತಡವಾದಾಗ, ನಾಳೆಯಿಂದ ಬರಬೇಡಿ ಎಂದು ಏಜೆನ್ಸಿಯವರು ಫೋನಿನಲ್ಲಿ ಹೇಳಿ ಮುಗಿಸಿದ್ದರು. ನವೀಕರಣಕ್ಕೆ ಅವಧಿಯೊಳಗೇ ಅರ್ಜಿ ಕೊಟ್ಟ ಸ್ವೀಕೃತಿ ಪತ್ರ ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಇತ್ತು. ಅದನ್ನು ತೋರಿಸಿ ಎಂದು ಯಾರೂ ಕೇಳಿರಲಿಲ್ಲ. ಅವರ ಮೊಕದ್ದಮೆಯನ್ನು ನಾನು ನಡೆಸಿದೆ. ಕಾರಣ ಕೇಳುವ ನೋಟಿಸ್ ಇಲ್ಲ, ವಿಚಾರಣೆ ಇಲ್ಲ ಎಂಬ ಒಂದೇ ಅಂಶದ ಮೇಲೆ ಆ ವಜಾ ನಿಲ್ಲಲಿಲ್ಲ, ಅವರಿಗೆ ಪರಿಹಾರ ಸಿಕ್ಕಿತು.

ನಮ್ಮ ಆಂತರಿಕ ವಿಚಾರಣೆಗಳು ಆದರ್ಶವಾಗಿವೆಯೆಂದು ಯಾವ ಕಾರ್ಮಿಕ ವಕೀಲನೂ ಹೇಳಲಾರ. ವಿಚಾರಣಾಧಿಕಾರಿ ಮಾಲೀಕನ ಕಡೆಯಿಂದಲೇ ನೇಮಕಗೊಂಡವರು. ವಿಚಾರಣೆ ವರ್ಷಗಟ್ಟಲೆ ಎಳೆಯುವುದೂ ಉಂಟು. ಆದರೂ ಆ ಕಡತ ನಮ್ಮ ಕೈಗೆ ಬಂದಾಗ ಅದರಲ್ಲಿ ಆರೋಪಪಟ್ಟಿ ಇರುತ್ತದೆ, ಕೆಲಸಗಾರ ತನ್ನ ಭಾಷೆಯಲ್ಲಿ ಬರೆದ ಉತ್ತರ ಇರುತ್ತದೆ, ಆಡಳಿತದ ಸಾಕ್ಷಿಯನ್ನು ಅವನ ಪರವಾಗಿ ಸಹೋದ್ಯೋಗಿಯೊಬ್ಬ ಪಾಟೀ ಸವಾಲು ಮಾಡಿದ ದಾಖಲೆ ಇರುತ್ತದೆ, ಪ್ರತಿ ಪುಟದ ಕೆಳಗೆ ಎರಡೂ ಕಡೆಯವರ ಸಹಿ ಇರುತ್ತದೆ. ಆರೋಪ ಸಾಬೀತಾದ ಮೇಲೂ ತಪ್ಪಿಗೆ ಶಿಕ್ಷೆ ಹೆಚ್ಚಾಯಿತೆಂದು ಕಂಡರೆ ಅದನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕಿದೆ. 1971ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿಸಿದ 11ಎ ಕಲಮಿನಿಂದ ಬಂದ ಈ ಅಧಿಕಾರವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ನ್ಯಾಯಮಂಡಳಿಗೆ ಕೊಟ್ಟಿದೆ. ವ್ಯಾಲಿಯಂಟ್‌ನ ಪ್ರಕರಣ ಇಂಥ ನ್ಯಾಯಾಲಯದ ಮುಂದೆ ಬಂದಿದ್ದರೆ, ನಿಷೇಧ ಸರಿಯೆಂದು ಒಪ್ಪಿಯೂ, ಬೇಟೆಯ ಬಂದೂಕನ್ನು ಸೀಟಿನ ಹಿಂದೆ ಮರೆತವನಿಗೆ ಎಚ್ಚರಿಕೆಯೋ ಕೆಲವು ದಿನಗಳ ಅಮಾನತೋ ಸಾಕೆಂದು ನ್ಯಾಯಾಧೀಶರು ಹೇಳುವ ದಾರಿ ಇರುತ್ತಿತ್ತು. ಸಹೋದ್ಯೋಗಿಗೆ ಬೆದರಿಕೆ ಹಾಕಿ ಮರುದಿನ ಬಂದೂಕು ತಂದವನನ್ನು ಅದೇ ದಿನ ಗೇಟಿನ ಹೊರಗೆ ಅಮಾನತಿನಲ್ಲಿಟ್ಟು, ವಿಚಾರಣೆ ನಡೆಸಿ, ವಜಾ ಮಾಡುವ ದಾರಿಯೂ ಇರುತ್ತಿತ್ತು. ಸುರಕ್ಷತೆಗೆ ಇದರಿಂದ ಯಾವ ಕುಂದೂ ಬರುವುದಿಲ್ಲ.

ಈ ಮಾತು ನಮ್ಮವರಿಗೆ ದೂರದ್ದಲ್ಲ. ಎಚ್-1ಬಿ ವೀಸಾದ ಮೇಲೆ ಅಲ್ಲಿರುವ ಕನ್ನಡಿಗರಿಗೆ ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ. ಸ್ನೇಹಿತರೊಂದಿಗೆ ವಾರಾಂತ್ಯದಲ್ಲಿ ಬೇಟೆಗೆ ಹೋಗಿ ಸೋಮವಾರ ಅದೇ ಕಾರಿನಲ್ಲಿ ಕಚೇರಿಗೆ ಹೋಗುವವರು ತಮ್ಮ ರಾಜ್ಯದ ಕಾನೂನು, ಕಂಪನಿಯ ಕೈಪಿಡಿ, ಕಚೇರಿ ಇರುವ ಕಟ್ಟಡದ ನಿಯಮ ಮೂರನ್ನೂ ಓದಿಕೊಳ್ಳಲೇಬೇಕು. ಕಂಪನಿಯೇ ಕೊಟ್ಟ ವಾಹನವಾದರೆ ನಿಯಮ ಇನ್ನೂ ಕಠಿಣವಾಗಿರಬಹುದು. ಕೆಲಸ ಹೋದರೆ ಆ ದೇಶದಲ್ಲಿ ಉಳಿಯಲು ಇವರಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ.

ಇತ್ತ ಕರ್ನಾಟಕದಲ್ಲಿಯೂ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ, ಅಂದರೆ ನೌಕರರ ನಡತೆ ಮತ್ತು ಶಿಕ್ಷೆಯ ಲಿಖಿತ ನಿಯಮಗಳ, ಕಾಯ್ದೆಯಿಂದ ವರ್ಷಗಳ ಕಾಲ ಷರತ್ತುಬದ್ಧ ವಿನಾಯಿತಿ ಕೊಡುತ್ತ ಬರಲಾಗಿದೆ. ಹೊಸ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳು ಕಡ್ಡಾಯವಾಗುವುದು 300 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ. ಅದಕ್ಕಿಂತ ಚಿಕ್ಕ ಕಾರ್ಖಾನೆಯಲ್ಲಿ, ಭದ್ರತಾ ಏಜೆನ್ಸಿಯಲ್ಲಿ, ಯಾವ ತಪ್ಪಿಗೆ ಯಾವ ಶಿಕ್ಷೆ, ಆಯುಧದ ಬಗ್ಗೆ ನಿಯಮವೇನು, ಉತ್ತರ ಕೊಡಲು ಎಷ್ಟು ದಿನ ಎಂಬುದನ್ನು ಬರೆದಿಡುವಂತೆ ಒತ್ತಾಯಿಸುವವರು ಯಾರು? ರಾಜ್ಯದ ಕಾರ್ಮಿಕ ಇಲಾಖೆ ಈ ಸಂಸ್ಥೆಗಳಿಗೂ ಅನ್ವಯಿಸುವಂತೆ ಕಾರಣ ಕೇಳುವ ನೋಟಿಸ್ ಮತ್ತು ವಿಚಾರಣೆಯನ್ನು ಸ್ಪಷ್ಟ ನಿಯಮವಾಗಿ ಹೊರಡಿಸಬೇಕು. ತಮ್ಮ ಪತ್ರಿಕೆ ಕಾರ್ಮಿಕ ಸಚಿವರನ್ನು ಈ ಬಗ್ಗೆ ನೇರವಾಗಿ ಪ್ರಶ್ನಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಮಿಕ ನ್ಯಾಯಾಲಯದ ಒಬ್ಬ ವಕೀಲ, ಹುಬ್ಬಳ್ಳಿ