ಗೋಡೆಗೆ ಹಾಕುವ ಖಡ್ಗಕ್ಕೆ ಸಾಣೆ ಯಾಕೆ?

ಮಾನ್ಯ ಸಂಪಾದಕರೇ,

ಆಯುಧಪೂಜೆಗೆಂದು ನೀವು ತಂದ ಪುರವಣಿಯಲ್ಲಿ ಅಗ್ಗದ ಖಡ್ಗಗಳ ಬಗ್ಗೆ ಒಂದು ಬರಹ ಇತ್ತು. ಟಿಪ್ಪು ಖಡ್ಗದ ನಕಲು, ರಜಪೂತರ ತಲವಾರಿನ ನಕಲು, ಜಪಾನಿನ ಕಟಾನಾ, ಎಲ್ಲವೂ ಎರಡು ಮೂರು ಸಾವಿರ ರೂಪಾಯಿಯೊಳಗೆ ಮನೆ ಬಾಗಿಲಿಗೇ ಬರುತ್ತವೆ ಅಂತ. ಅದಕ್ಕೆ ನನ್ನ ತಕರಾರಿಲ್ಲ, ದುಡ್ಡು ಅವರದು, ಗೋಡೆ ಅವರದು. ಆದರೆ ಕೊನೆಯಲ್ಲಿ, ಮೊಂಡಾಗಿ ಬಂದರೆ ಹತ್ತಿರದ ಸಾಣೆ ಅಂಗಡಿಯಲ್ಲಿ ಹರಿತ ಮಾಡಿಸಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದೀರಲ್ಲ, ಆ ಹತ್ತಿರದ ಸಾಣೆ ಅಂಗಡಿಯವನು ನಾನು. ನನ್ನ ಮಾತೂ ಸ್ವಲ್ಪ ಹಾಕಿ.

ತುಮಕೂರಿನಲ್ಲಿ ನನ್ನದು ಚಿಕ್ಕ ಗ್ರೈಂಡಿಂಗ್ ಅಂಗಡಿ. ಅದಕ್ಕೆ ಮುಂಚೆ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದೆ. ಬಡಗಿಗಳ ಉಳಿ, ಟೈಲರ್ ಕತ್ತರಿ, ಮಟನ್ ಅಂಗಡಿಯ ಕತ್ತಿ, ಎಳನೀರಿನವರ ಮಚ್ಚು, ಲೇಥ್ ಕೆಲಸದವರ ಟೂಲು, ಇವೇ ನನ್ನ ದಿನದ ಅನ್ನ. ಈಗೀಗ ನವರಾತ್ರಿ ಹತ್ತಿರ ಬಂತೆಂದರೆ ಹುಡುಗರು ಉದ್ದನೆಯ ರಟ್ಟಿನ ಪೆಟ್ಟಿಗೆ ಹಿಡಿದು ಬರುತ್ತಾರೆ. "ಅಣ್ಣಾ, ಇದನ್ನ ಸ್ವಲ್ಪ ಶಾರ್ಪ್ ಮಾಡ್ಕೊಡಿ, ಎಷ್ಟಾಗುತ್ತೆ?" ನಾನು ಮಾಡಿಕೊಡುವುದಿಲ್ಲ. ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೂ ಇಲ್ಲ. ಯಾಕೆ ಅಂತ ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಈ ಪತ್ರ.

ಮೊದಲು ಹಿಡಿಯ ವಿಷಯ. ಯಾಕೆಂದರೆ ಕೊಳ್ಳುವವರು ಅಲಗನ್ನು ನೋಡುತ್ತಾರೆ, ಹಿಡಿಯೊಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಒಬ್ಬ ಹುಡುಗ ತಂದಿದ್ದನ್ನು ಅವನ ಎದುರಿಗೇ ಬಿಚ್ಚಿ ತೋರಿಸಿದೆ. ಹಿಡಿಯ ತುದಿಯಲ್ಲಿ ಹಿತ್ತಾಳೆ ಬಣ್ಣದ ಸಿಂಹದ ಮುಖ, ಅದನ್ನು ಕೈಯಲ್ಲೇ ತಿರುಗಿಸಿದರೆ ಬಂದುಬಿಟ್ಟಿತು. ಹಿತ್ತಾಳೆಯೂ ಅಲ್ಲ, ಅಚ್ಚಿಗೆ ಸುರಿದ ಸತುವಿನ ಮಿಶ್ರಲೋಹ, ಉಗುರಲ್ಲಿ ಕೆರೆದರೆ ಬಣ್ಣ ಏಳುತ್ತದೆ. ಒಳಗೆ ಪೆನ್ಸಿಲ್ ದಪ್ಪದ, ಥ್ರೆಡ್ ಹಾಕಿದ ಒಂದು ಕಡ್ಡಿ. ಆ ಕಡ್ಡಿಯನ್ನು ಅಲಗಿನ ಬುಡಕ್ಕೆ ವೆಲ್ಡಿಂಗ್‌ನಲ್ಲಿ ಎರಡು ಚುಕ್ಕೆ ಇಟ್ಟು ಅಂಟಿಸಿದ್ದರು, ಅಷ್ಟೇ. ಚುಕ್ಕೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಆಗಲೇ ಬಿದ್ದಿತ್ತು. ಹುಡುಗ ಅದನ್ನು ಒಮ್ಮೆಯೂ ಬೀಸಿರಲಿಲ್ಲ, ಪಾರ್ಸೆಲ್ ಬಂದ ಹಾಗೇ ತಂದಿದ್ದ.

ಈ ಕಡ್ಡಿಯೇ ಎಲ್ಲ ರಗಳೆಯ ಮೂಲ. ಮೂವತ್ತು ಇಂಚಿನ ಅಲಗನ್ನು ಬೀಸಿ ಏನಕ್ಕಾದರೂ ತಾಗಿಸಿದರೆ ಅದರ ಪೂರ್ತಿ ಹೊಡೆತ ಬಂದು ಬೀಳುವುದು ಹಿಡಿ ಮತ್ತು ಅಲಗು ಸೇರುವ ಜಾಗಕ್ಕೆ. ವೆಲ್ಡಿಂಗ್ ಮಾಡಿದ ಜಾಗದ ಪಕ್ಕದಲ್ಲಿ ಉಕ್ಕು ಗಡುಸಾಗಿ ಪೆಡಸಾಗಿರುತ್ತದೆ, ಅಲ್ಲೇ ಪಟ್ ಅಂತ ಮುರಿಯುತ್ತದೆ. ಹಿಡಿ ಕೈಯಲ್ಲಿ ಉಳಿಯುತ್ತದೆ, ಅಲಗು ಎತ್ತಲಾದರೂ ಹಾರುತ್ತದೆ. ಅಲಗು ಮೊಂಡಾಗಿದ್ದರೆ ಪಕ್ಕದಲ್ಲಿ ನಿಂತವನಿಗೆ ಬಾಸುಂಡೆ ಬರಬಹುದು. ನಾನು ಸಾಣೆ ಹಿಡಿದು ಕೊಟ್ಟಿದ್ದರೆ? ಅದಕ್ಕೇ ಹೇಳುವುದು, ಹರಿತ ಮಾಡಿದ್ದರಿಂದ ಆ ಖಡ್ಗ ಒಳ್ಳೆಯದಾಗುವುದಿಲ್ಲ, ಅದರ ಕೆಟ್ಟತನಕ್ಕೆ ಹರಿತ ಬರುತ್ತದೆ ಅಷ್ಟೇ.

ಹಳೆಯ ಕಾಲದ ತಲವಾರುಗಳಲ್ಲಿ ಅಲಗು ಮತ್ತು ಹಿಡಿಯೊಳಗೆ ಹೋಗುವ ಬಾಲ ಒಂದೇ ಉಕ್ಕಿನ ತುಂಡು. ಅಗಲವಾದ ಆ ಬಾಲವನ್ನು ಹಿಡಿಯೊಳಗೆ ಇಳಿಸಿ ಅರಗು ತುಂಬಿ ಗಟ್ಟಿ ಮಾಡುತ್ತಿದ್ದರು. ಅರಗು ಹಳತಾದರೆ ಹಿಡಿ ಸಡಿಲವಾಗಬಹುದು, ಬಾಲ ಮುರಿಯುವುದು ಅಪರೂಪ. ಕೊಳ್ಳುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ, ಬಾಲ ಅಲಗಿನದೇ ಮುಂದುವರಿಕೆಯೋ, ಬೆಸೆದ ಕಡ್ಡಿಯೋ? ಉತ್ತರ ಕೊಡದ ಅಂಗಡಿಯವರ ಹತ್ತಿರ ಇರುವುದು ಕಡ್ಡಿಯೇ ಅಂತ ತಿಳಿದುಕೊಳ್ಳಿ. ಕೈಗೆ ಬಂದ ಮೇಲೆ ನೋಡುವುದೂ ಸುಲಭ. ಹಿಡಿ ಹಿಡಿದು ಅಲಗಿನ ಮೇಲೆ ಅಂಗೈಯಲ್ಲಿ ತಟ್ಟಿ, ಒಳಗೆ ಗಲಗಲ ಅಂದರೆ ಮುಗಿಯಿತು.

ಇನ್ನು ಉಕ್ಕು. ನನ್ನ ಹತ್ತಿರ ಬರುವುದರಲ್ಲಿ ಒಂದಷ್ಟು ಬರೀ ಮೈಲ್ಡ್ ಸ್ಟೀಲ್, ಕಿಟಕಿ ಗ್ರಿಲ್ಲಿಗೆ ಹಾಕುವಂಥದ್ದು, ಮೇಲೆ ಥಳಥಳ ಅನ್ನುವ ಕ್ರೋಮ್ ಲೇಪ. ಚಕ್ರಕ್ಕೆ ಮೆಲ್ಲಗೆ ಮುಟ್ಟಿಸಿದರೆ ಗೊತ್ತಾಗುತ್ತದೆ. ಕಿಡಿ ಉದ್ದ ಉದ್ದ ಗೆರೆಯಾಗಿ ಹೋಗುತ್ತದೆ, ತುದಿಯಲ್ಲಿ ಒಡೆಯುವುದಿಲ್ಲ. ಕಾರ್ಬನ್ ಇರುವ ಉಕ್ಕಾದರೆ ಕಿಡಿ ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ಸಿಡಿಯುತ್ತದೆ. ಈ ಮೈಲ್ಡ್ ಸ್ಟೀಲಿಗೆ ಎಷ್ಟು ಸಾಣೆ ಹಿಡಿದರೂ ಅಷ್ಟೇ, ಅಂಚು ಎರಡೇ ಏಟಿಗೆ ಮಡಚಿಕೊಳ್ಳುತ್ತದೆ. ಹದ ಹಾಕಿದರೂ, ಅಂದರೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೂ, ಗಡುಸಾಗುವಷ್ಟು ಕಾರ್ಬನ್ ಅದರಲ್ಲಿ ಇಲ್ಲ.

ಉಳಿದವು ಬಹುತೇಕ ಸ್ಟೇನ್‌ಲೆಸ್. ಹುಡುಗರಿಗೆ ಇದೇ ಇಷ್ಟ, ತುಕ್ಕು ಹಿಡಿಯುವುದಿಲ್ಲ ಅಂತ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ಉಕ್ಕಿನಲ್ಲಿ ಶೇ 10.5ರಷ್ಟಾದರೂ ಕ್ರೋಮಿಯಂ ಇರಬೇಕು. ಅಡುಗೆಮನೆ ಚಾಕುವಿಗೆ ಅದು ಚೆನ್ನ, ಅಲಗು ಚಿಕ್ಕದು, ಹೊಡೆತ ಕಮ್ಮಿ. ಮೂರಡಿ ಖಡ್ಗ ಏಟು ತಿಂದಾಗ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗಬೇಕು. ಅಗ್ಗದ ಸ್ಟೇನ್‌ಲೆಸ್ ಬಾಗುವುದಿಲ್ಲ, ತುಂಡಾಗುತ್ತದೆ. ಅಯಸ್ಕಾಂತ ಹಿಡಿದರೆ ಒಳ್ಳೆಯ ಉಕ್ಕು ಅಂತ ಇನ್ನೊಂದು ನಂಬಿಕೆ ಇದೆ. ಅದೂ ಸುಳ್ಳು. ಚಾಕು, ಖಡ್ಗಕ್ಕೆ ಹಾಕುವ 420, 440 ನಂಬರಿನ ಸ್ಟೇನ್‌ಲೆಸ್‌ಗೂ ಅಯಸ್ಕಾಂತ ಹಿಡಿಯುತ್ತದೆ, ಮೈಲ್ಡ್ ಸ್ಟೀಲಿಗಂತೂ ಹಿಡಿದೇ ಹಿಡಿಯುತ್ತದೆ.

ಟಿಪ್ಪುವಿನ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತಲ್ಲ, ಅದಾದ ಮೇಲೆ ನಕಲುಗಳಿಗೂ ಒಳ್ಳೆಯ ವ್ಯಾಪಾರ. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ, 'ಡಮಾಸ್ಕಸ್' ಅಂತ ಹೆಸರು. ನಮ್ಮ ಕಡೆ, ಅಂದರೆ ದಕ್ಷಿಣ ಭಾರತದಲ್ಲಿ, ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಕರಗಿಸಿ ಮಾಡುತ್ತಿದ್ದ ಉಕ್ಕಿನಲ್ಲಿ ಶೇ 1.5ರ ಹತ್ತಿರ ಕಾರ್ಬನ್ ಇರುತ್ತಿತ್ತು, ಆ ಗೆರೆ ಲೋಹದ ಒಳಗಿನಿಂದಲೇ ಬರುತ್ತಿತ್ತು. ಎರಡು ಸಾವಿರದ ಖಡ್ಗದ ಮೇಲಿನ ಗೆರೆ ಲೇಸರಿನಲ್ಲೋ ಆಸಿಡ್ಡಿನಲ್ಲೋ ಬರೆದದ್ದು. ಒಂದು ಸಲ ಸಾಣೆ ಹಿಡಿದರೆ ಡಮಾಸ್ಕಸ್ಸೂ ಹೋಗುತ್ತದೆ, ಟಿಪ್ಪುವೂ ಹೋಗುತ್ತಾನೆ.

ಒಳ್ಳೆಯದು ಸಿಗುವುದೇ ಇಲ್ಲವೇ ಅಂದರೆ, ಸಿಗುತ್ತದೆ. ಡೆಹ್ರಾಡೂನ್ ಕಡೆ ತಯಾರಾಗಿ ಹೊರದೇಶಕ್ಕೆ ಹೋಗುವ ನಕಲುಗಳಿವೆ, ಹಳೆಯ ಯುದ್ಧಗಳನ್ನು ಅಭಿನಯಿಸುವ ಸಂಘಗಳವರು ಕೊಳ್ಳುವುದು. ಇಎನ್ 45 ಅನ್ನುವ ಸ್ಪ್ರಿಂಗ್ ಸ್ಟೀಲ್, ಲಾರಿ ಸ್ಪ್ರಿಂಗ್ ಪ್ಲೇಟಿನ ಜಾತಿಯದು. ಬೆಲೆ ಹಲವು ಪಟ್ಟು. ತೂಕ ನೋಡಿದರೂ ಗೊತ್ತಾಗುತ್ತದೆ, ಒಂದೇ ಕೈಯಲ್ಲಿ ಹಿಡಿಯುವ ಖಡ್ಗ ಒಂದು ಕೆಜಿ, ಸ್ವಲ್ಪ ಮೇಲೆ ಇರುತ್ತದೆ, ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ತೆಳು. ಅಗ್ಗದ್ದು ಒಂದೇ ದಪ್ಪದ ಪಟ್ಟಿ, ಎತ್ತಿದರೆ ಹಾರೆ ಎತ್ತಿದ ಹಾಗೆ. ಮಜಾ ಏನೆಂದರೆ ಆ ದುಬಾರಿ ಖಡ್ಗಗಳೂ ಅಭಿನಯಕ್ಕೆಂದು ಬೇಕಂತಲೇ ಮೊಂಡಾಗಿ, ಸುಮಾರು 2 ಮಿಲಿಮೀಟರ್ ದಪ್ಪದ ಅಂಚಿಟ್ಟು ಮಾಡಿದವು. ಕೊಳ್ಳುವವರು ಹಾಗೆಯೇ ಬಳಸುತ್ತಾರೆ.

ಆ 2 ಮಿಲಿಮೀಟರ್ ಅಂಚನ್ನು ಹರಿತ ಮಾಡುವುದು ಅಂದರೆ ಚಾಕುವಿಗೆ ಸಾಣೆ ಹಿಡಿದ ಹಾಗಲ್ಲ. ಚಾಕುವಿಗೆ ಅಂಚು ಮೊದಲೇ ಇರುತ್ತದೆ, ನಾವು ಅದನ್ನು ಸರಿ ಮಾಡುತ್ತೇವೆ. ಇಲ್ಲಿ ಇಲ್ಲದ ಅಂಚನ್ನು ಮಾಡಬೇಕು, ಎರಡೂ ಕಡೆಯಿಂದ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಓರೆಯಲ್ಲಿ, ಅಲಗಿನ ಉದ್ದಕ್ಕೂ ಒಂದೇ ಸಮನೆ, ಅಷ್ಟೂ ಲೋಹ ತೆಗೆಯಬೇಕು. ಗ್ರೈಂಡರಿಗೆ ಕೊಟ್ಟರೆ ಬೇಗ ಆಗುತ್ತದೆ, ಆದರೆ ಅಂಚು ತೆಳುವಾದಷ್ಟೂ ಬಿಸಿ ಹೋಗಲು ಜಾಗ ಇರುವುದಿಲ್ಲ. ಸಾದಾ ಕಾರ್ಬನ್ ಉಕ್ಕು 220 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಉಳಿಯ ಅಂಚು ನೀಲಿಯಾದರೆ ಅಲ್ಲಿಗೆ ಅದರ ಹದ ಹೋಯಿತು, ಅಷ್ಟನ್ನೂ ಕಡಿದು ಬಿಸಾಡಿ ಹೊಸದಾಗಿ ಹಿಡಿಯಬೇಕು. ಬಾಗಿ ನೆಟ್ಟಗಾಗಲಿ ಅಂತ ಸ್ಪ್ರಿಂಗಿನ ಹದ ಹಾಕಿದ ಖಡ್ಗ ನೀಲಿಯವರೆಗೆ ತಡೆದೀತು, ಅದನ್ನು ದಾಟಿ ಬೂದು ಬಣ್ಣಕ್ಕೆ ಹೋದರೆ ಅದೂ ಇಲ್ಲ. ಚಕ್ರದ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸ ಇದು.

ಜೊತೆಗೆ ನಿಮಿಷಕ್ಕೆ 2800 ಸುತ್ತು ತಿರುಗುವ ಚಕ್ರಕ್ಕೆ ಮೂರಡಿ ಅಲಗಿನ ತುದಿ ಸಿಕ್ಕಿಕೊಂಡರೆ ಅದು ಯಾವ ಕಡೆ ತಿರುಗಿ ಬರುತ್ತದೆ ಅಂತ ಹೇಳಲಾಗದು. ಮನೆಯಲ್ಲೇ ಆ್ಯಂಗಲ್ ಗ್ರೈಂಡರ್ ಹಿಡಿದು ವಿಡಿಯೊ ನೋಡಿಕೊಂಡು ಮಾಡುವವರು ದಯವಿಟ್ಟು ಇದನ್ನು ಓದಲಿ. ಗೊತ್ತಿದ್ದವರು ಇದನ್ನು ಅರದಲ್ಲಿ ಶುರು ಮಾಡಿ, ಆಮೇಲೆ ಸಾಣೆಕಲ್ಲಿನಲ್ಲಿ, ನೀರು ಹಾಕಿಕೊಂಡು, ಕೈಯಲ್ಲೇ ದಿನಗಟ್ಟಲೆ ಮಾಡುತ್ತಾರೆ. ಹಿಡಿಯ ಹತ್ತಿರದ ಭಾಗವನ್ನು ಮುಟ್ಟುವುದೇ ಇಲ್ಲ.

ಈಗ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಮಾತ್ರ ಅಂತ ಹುಡುಗರು ಅಂದುಕೊಂಡಿದ್ದಾರೆ. ಅಲ್ಲ. ಹರಿತವಾದ ಮಾರಕ ಆಯುಧಗಳೂ ಅದರಲ್ಲಿವೆ. 2016ರ ನಿಯಮಗಳ ಐದನೇ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಜಿ ಬರುತ್ತವೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿಗಳೂ ಬರುತ್ತವೆ. ಮನೆ ಬಳಕೆಗೆ, ಬೇಸಾಯಕ್ಕೆ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದ್ದನ್ನು ಅದರಿಂದ ಬಿಟ್ಟಿದ್ದಾರೆ, ಅದಕ್ಕೇ ಎಳನೀರಿನವರ ಮಚ್ಚಿಗೆ ನಾನು ನಿಶ್ಚಿಂತೆಯಿಂದ ಸಾಣೆ ಹಿಡಿಯುತ್ತೇನೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಳ್ಳುವ ಮೊದಲು ಠಾಣೆಯಲ್ಲಿ ಒಂದು ಮಾತು ಕೇಳಿದರೆ ನಷ್ಟ ಏನು?

ಇದರಲ್ಲಿ ಒಂದು ಸೂಕ್ಷ್ಮ ಇದೆ. ಆಟಿಕೆಯಾಗಿ ಮಾತ್ರ ಬಳಸಲು ಬರುವ, ಕೆಲಸಕ್ಕೆ ಬರುವ ಆಯುಧವಾಗಿ ಮಾರ್ಪಡಿಸಲು ಆಗದ ವಸ್ತುವನ್ನು ಕಾಯ್ದೆ ಆಯುಧ ಅನ್ನುವುದಿಲ್ಲ. ಅಂದರೆ ಸಾಣೆ ಹಿಡಿಸಿದ ದಿನ, ಇದು ಸುಮ್ನೆ ಶೋಕಿಗೆ ಇಟ್ಟುಕೊಂಡದ್ದು ಸಾರ್ ಅಂತ ಹೇಳುವ ಬಾಯಿ ನಿಮಗಿರುವುದಿಲ್ಲ. ಮಾಡಿಕೊಟ್ಟ ನನಗೂ ಇರುವುದಿಲ್ಲ. ಹುಟ್ಟುಹಬ್ಬದ ಕೇಕನ್ನು ತಲವಾರಿನಲ್ಲಿ ಕತ್ತರಿಸಿ ಕೇಸು ಹಾಕಿಸಿಕೊಂಡವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. ಕೇಕು ಕತ್ತರಿಸಲು ಪ್ಲಾಸ್ಟಿಕ್ ಚಾಕು ಸಾಕಲ್ವಾ, ಬೇಕರಿಯವರು ಪುಕ್ಕಟೆ ಕೊಡುತ್ತಾರೆ.

ಹಾಗಾದರೆ ಕೊಡಗಿನವರು ಅಂತ ಒಬ್ಬ ಕೇಳಿದ. ಕೊಡಗಿನ ಮಾತು ಬೇರೆ. ಕೈಲ್ ಪೊಳ್ದ್ ಹಬ್ಬಕ್ಕೆ ಅವರು ಕೋವಿ, ಒಡಿಕತ್ತಿ ಇಟ್ಟು ಪೂಜೆ ಮಾಡುತ್ತಾರೆ. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿಯುತ್ತಾರೆ. ಅದು ಅಗಲ ಅಲಗಿನ, ಕೆಲಸಕ್ಕೆಂದೇ ಬಡಿದ ಕತ್ತಿ, ಅದನ್ನು ಹೇಗೆ ಹಿಡಿಯಬೇಕು, ಯಾರು ಎಲ್ಲಿ ನಿಲ್ಲಬೇಕು ಅಂತ ಹಿರಿಯರು ಕಲಿಸಿರುತ್ತಾರೆ. ಅದನ್ನು ನೋಡಿ ಪಾರ್ಸೆಲ್ ಖಡ್ಗದಲ್ಲಿ ಹಿತ್ತಲಿನ ಬಾಳೆದಿಂಡು ಕಡಿಯಲು ಹೋದರೆ ಆ ಪೆನ್ಸಿಲ್ ಕಡ್ಡಿ ತಡೆಯುತ್ತದೆಯೇ? ಇನ್ನು ವೀರಗಾಸೆಯವರನ್ನು ನೋಡಿ. ಒಡಪು ಹೇಳುತ್ತಾ ಜನರ ಮಧ್ಯೆಯೇ ಖಡ್ಗ ಝಳಪಿಸುತ್ತಾರೆ, ನೋಡಿದವರಿಗೆ ಮೈ ಜುಮ್ ಅನ್ನುತ್ತದೆ. ಅದಕ್ಕೆ ಕುಣಿತ ಬೇಕು, ದನಿ ಬೇಕು, ಸಾಣೆ ಬೇಕಿಲ್ಲ.

ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಸಭೆಗಳಲ್ಲಿ ನಾಯಕರಿಗೆ ಬೆಳ್ಳಿ ಬಣ್ಣದ ಖಡ್ಗ ಕೊಡುವುದು ಈಗ ಶಾಲು ಹೊದಿಸಿದಷ್ಟೇ ಮಾಮೂಲು. ಅವರು ಅದನ್ನು ಒರೆಯಿಂದ ಎಳೆದು ಮೇಲೆತ್ತಿ ಫೋಟೊಗೆ ನಿಲ್ಲುತ್ತಾರೆ, ಸುತ್ತ ನಲವತ್ತು ತಲೆ. ಅದರೊಳಗೂ ಇಂಥದೇ ಕಡ್ಡಿ ಇರುವ ಸಾಧ್ಯತೆ ಜಾಸ್ತಿ. ಹಾರ ಹಾಕಿ ಕಳಿಸಿದರೆ ಎಲ್ಲರಿಗೂ ಕ್ಷೇಮ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನೊಮ್ಮೆ ಇಂಥ ಬರಹ ಹಾಕಿದರೆ ಖಡ್ಗದ ಬೆಲೆಯ ಪಕ್ಕದಲ್ಲಿ ಅದರ ಉಕ್ಕು ಯಾವುದು, ಹಿಡಿಯೊಳಗೆ ಏನಿದೆ ಅಂತಲೂ ಬರೆಸಿ. ಮಾರುವವರು ಪೆಟ್ಟಿಗೆಯ ಮೇಲೆ 'ಅಲಂಕಾರಕ್ಕೆ ಮಾತ್ರ, ಬೀಸಬೇಡಿ' ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಲಿ, ಈಗ ಹಾಕುವುದಿದ್ದರೂ ಇಂಗ್ಲಿಷಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಇರುತ್ತದೆ. ಈಗಾಗಲೇ ಕೊಂಡವರು ಅದನ್ನು ಒರೆಸಿ, ತೆಂಗಿನೆಣ್ಣೆಯ ಬದಲು ಮೆಷಿನ್ ಎಣ್ಣೆ ತೆಳುವಾಗಿ ಸವರಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಗಟ್ಟಿ ಮೊಳೆಗೆ ಹಾಕಲಿ. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಬಿಡಬೇಡಿ, ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ.

ಈ ಪತ್ರ ಹಾಕುವುದಾದರೆ ಮಹಾನವಮಿಗೆ ಮುಂಚೆ ಹಾಕಿ. ಕತ್ತರಿಸಿ ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ.

ಇಂತಿ ನಿಮ್ಮ ಓದುಗ,
ತುಮಕೂರು